ಭೀಮೆಯ ನೀರಿಗೊಂದು, ಬೋರಿನ ನೀರಿಗೊಂದು

ತೊಗರಿ ಬೆಳೆಯುವ ಸೀಮೆಯಲ್ಲಿ ನೀರಿನ ಗುಣವನ್ನು ಮೊದಲು ಹೇಳುವುದು ಬೇಳೆ. ಸಿಹಿನೀರಿಗೆ ಹಾಕಿದ ಬೇಳೆ ಬೇಗ ಕರಗುತ್ತದೆ, ಗಡಸು ನೀರಿನಲ್ಲಿ ಎಷ್ಟು ಕುದಿಸಿದರೂ ಕಾಳು ಕಾಳಾಗಿಯೇ ಉಳಿಯುತ್ತದೆ. ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಬೇಳೆಯೊಳಗಿನ ಪೆಕ್ಟಿನ್ ಜೊತೆ ಸೇರಿ ಅದನ್ನು ಬಿಗಿಗೊಳಿಸುವುದೇ ಇದಕ್ಕೆ ಕಾರಣ. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಅಡುಗೆಮನೆಗೆ ಚೆನ್ನಾಗಿ ಗೊತ್ತಿರುವ ಈ ಪರೀಕ್ಷೆ ಗಡಸುತನದ ಮಟ್ಟಿಗೆ ಸರಿಯೇ. ಆದರೆ ಬೇಳೆ ಬೆಂದಿತೆಂದ ಮಾತ್ರಕ್ಕೆ ನೀರಿನಲ್ಲಿ ರೋಗಾಣು ಇಲ್ಲವೆಂದಾಗಲಿ, ಬೇಯಲಿಲ್ಲವೆಂದ ಮಾತ್ರಕ್ಕೆ ನೀರು ಕುಡಿಯಲು ಬಾರದೆಂದಾಗಲಿ ತೀರ್ಮಾನಿಸಲಾಗದು. ರುಚಿ, ಗಡಸುತನ, ರೋಗಾಣು, ಕರಗಿದ ವಿಷ, ಈ ನಾಲ್ಕೂ ಬೇರೆ ಬೇರೆ ಸಂಗತಿಗಳು. ಫಿಲ್ಟರ್ ಕೊಳ್ಳುವಾಗ ನಾವು ನಾಲ್ಕನ್ನೂ ಒಂದೇ ಎಂದುಕೊಳ್ಳುತ್ತೇವೆ, ಎಲ್ಲವನ್ನೂ ತೆಗೆಯುವ ಯಂತ್ರವೇ ಒಳ್ಳೆಯದೆಂದು ನಂಬುತ್ತೇವೆ. ಪರಿಸರಕ್ಕೆ ಹೊರೆಯಾಗದ ಫಿಲ್ಟರ್ ಬೇಕೆನ್ನುವವರು ಈ ನಂಬಿಕೆಯನ್ನು ಮೊದಲು ಬಿಡಬೇಕು. ಮನೆಗೆ ಬರುವ ನೀರಿನಲ್ಲಿ ಇರುವ ದೋಷವನ್ನಷ್ಟೇ ತೆಗೆದು, ಅದಕ್ಕಾಗಿ ಬೇರೆ ನೀರನ್ನು ಚರಂಡಿಗೆ ಹರಿಸದ ವಿಧಾನವೇ ನಿಜವಾಗಿ ಪರಿಸರಸ್ನೇಹಿ.

ಈ ಮೂರು ತಾಲ್ಲೂಕುಗಳಲ್ಲಿ ಕುಡಿಯುವ ನೀರು ಬರುವ ದಾರಿ ಮುಖ್ಯವಾಗಿ ಎರಡು. ಒಂದು ಹರಿವ ನೀರು. ಸಹ್ಯಾದ್ರಿಯ ಭೀಮಾಶಂಕರದಲ್ಲಿ ಹುಟ್ಟುವ ಭೀಮೆ ಪುಣೆಯ ಕೊಳಚೆ ಹೊತ್ತ ಮುಳಾ-ಮುಠಾವನ್ನು ಕೂಡಿಸಿಕೊಂಡು, ಉಜನಿ ಜಲಾಶಯ ದಾಟಿ, ಪಂಢರಪುರದ ಮೇಲೆ ಹಾದು ಅಫಜಲಪುರಕ್ಕೆ ಬರುತ್ತದೆ. ಸೊನ್ನ, ಘತ್ತರಗಿ, ಗಾಣಗಾಪುರದ ಬ್ಯಾರೇಜ್‌ಗಳಲ್ಲಿ ನಿಂತು ಮುಂದೆ ಜೇವರ್ಗಿಯತ್ತ ಸಾಗುತ್ತದೆ. ಆಳಂದದ ಅಮರ್ಜಾ ಗಾಣಗಾಪುರದ ಸಂಗಮದಲ್ಲಿ ಭೀಮೆಗೆ ಕೂಡುತ್ತದೆ. ಜೇವರ್ಗಿಯ ಕೆಲವು ಭಾಗಕ್ಕೆ ನಾರಾಯಣಪುರ ಎಡದಂಡೆಯ ಶಾಖಾ ಕಾಲುವೆಯಲ್ಲಿ ಕೃಷ್ಣೆಯ ನೀರೂ ಬರುತ್ತದೆ. ಇಂಥ ನೀರಿನ ದೋಷ ಮುಖ್ಯವಾಗಿ ರಾಡಿ ಮತ್ತು ರೋಗಾಣು. ಮಳೆಗಾಲದಲ್ಲಿ ಕೆಂಪಾಗಿ ಬರುತ್ತದೆ, ಬೇಸಿಗೆಯಲ್ಲಿ ಬ್ಯಾರೇಜಿನಲ್ಲಿ ನಿಂತು ಪಾಚಿಗಟ್ಟುತ್ತದೆ. 2020ರ ಅಕ್ಟೋಬರಿನಲ್ಲಾದಂತೆ ನದಿ ಉಕ್ಕಿ ಊರೊಳಗೆ ನುಗ್ಗಿದರೆ ಬಾವಿಯೂ ಬೋರೂ ಕೆಡುತ್ತವೆ. ಇನ್ನೊಂದು ನೆಲದೊಳಗಿನ ನೀರು. ಆಳಂದ, ಅಫಜಲಪುರದ ಕೆಳಗೆ ದಖ್ಖನ್ನಿನ ಕಪ್ಪುಕಲ್ಲು, ಜೇವರ್ಗಿಯ ಒಂದಷ್ಟು ಭಾಗದ ಕೆಳಗೆ ಭೀಮಾ ಕಣಿವೆಯ ಸುಣ್ಣಕಲ್ಲು. ಕಲ್ಲಿನ ಬಿರುಕುಗಳಲ್ಲಿ ಕೂತ ನೀರು ಖನಿಜಗಳನ್ನು ಕರಗಿಸಿಕೊಂಡು ಗಡಸಾಗುತ್ತದೆ. ತಿಪ್ಪೆ, ಶೌಚದ ಗುಂಡಿ, ಹೊಲದ ಯೂರಿಯಾದಿಂದ ನೈಟ್ರೇಟ್ ಇಳಿಯುತ್ತದೆ, ಕೆಲವು ಕಡೆ ಫ್ಲೋರೈಡ್ ಸೇರುತ್ತದೆ. ಕಲಬುರಗಿ ಜಿಲ್ಲೆಯ ಅಂತರ್ಜಲದಲ್ಲಿ ಈ ಎರಡೂ ಅಲ್ಲಲ್ಲಿ ಮಿತಿ ಮೀರಿರುವುದು ಸರ್ಕಾರಿ ದಾಖಲೆಗಳಲ್ಲೇ ಇದೆ. ಕಷ್ಟವೆಂದರೆ, ಒಂದೇ ಊರಿನ ಎರಡು ಬೋರುಗಳ ನೀರು ಒಂದೇ ತೆರ ಇರುವುದಿಲ್ಲ. ಪಕ್ಕದ ಮನೆಯವರು ಕೊಂಡರೆಂದು ಅದೇ ಯಂತ್ರ ಕೊಳ್ಳುವುದು ಇಲ್ಲಿ ಅರ್ಥವಿಲ್ಲದ ಖರ್ಚಾಗುವುದು ಇದಕ್ಕಾಗಿಯೇ.

ಸಾಮಾನ್ಯವಾಗಿ ಕೊಳ್ಳುವ ಯಂತ್ರ ಆರ್‌ಒ. ಪಂಪಿನ ಒತ್ತಡದಿಂದ ನೀರನ್ನು ಬಲು ಸೂಕ್ಷ್ಮ ಪೊರೆಯ ಮೂಲಕ ತಳ್ಳಿ, ಕರಗಿದ ಲವಣವನ್ನು ಈಚೆಗೇ ಉಳಿಸುವುದು ಅದರ ಕೆಲಸ. ಹೀಗೆ ಉಳಿದ ಲವಣವನ್ನು ತೊಳೆದು ಹಾಕದಿದ್ದರೆ ಪೊರೆ ಕಟ್ಟಿಕೊಳ್ಳುತ್ತದೆ. ಆದ್ದರಿಂದ ಒಂದು ಪಾಲು ಶುದ್ಧ ನೀರಿಗೆ ಮನೆಯ ಸಾಧಾರಣ ಯಂತ್ರ ಸುಮಾರು ಮೂರು ಪಾಲು ನೀರನ್ನು ಹೊರಗೆ ಬಿಡುತ್ತದೆ. ಐದು ಜನರ ಮನೆಗೆ ಕುಡಿಯಲು, ಅಡುಗೆಗೆ ದಿನಕ್ಕೆ 20 ಲೀಟರ್ ಎಂದಿಟ್ಟುಕೊಂಡರೆ 60 ಲೀಟರ್ ಹೊರಹೋಗುತ್ತದೆ. ಜಲ ಜೀವನ್ ಮಿಷನ್ ಲೆಕ್ಕದಲ್ಲಿ ತಲೆಗೆ 55 ಲೀಟರಿನಂತೆ ಆ ಮನೆಗೆ ಸಿಗಬೇಕಾದ್ದು 275 ಲೀಟರ್. ಅಂದರೆ ನಳದಲ್ಲಿ ಬಂದ ನೀರಿನ ಐದನೇ ಒಂದು ಭಾಗಕ್ಕಿಂತ ಹೆಚ್ಚು ಬಾಯಿಗೂ ಬೀಳದೆ, ಬಟ್ಟೆಗೂ ಸಿಗದೆ ಹೊರಟುಹೋಗುತ್ತದೆ. ಬೇಸಿಗೆ ಬಂತೆಂದರೆ ಭೀಮೆಗೆ ಉಜನಿಯಿಂದ ನೀರು ಬಿಡಿಸಿ ಎಂದು ಬೇಡುವ ಸೀಮೆಯಲ್ಲಿ ಈ 60 ಲೀಟರ್ ಸಣ್ಣದಲ್ಲ. ಆ ನೀರಿನಿಂದ ನೆಲ ಒರೆಸಬಹುದು, ಶೌಚಾಲಯಕ್ಕೆ ಹಾಕಬಹುದು ಎಂಬ ವಾದವಿದೆ. ಬಳಸಿದರೆ ಒಳ್ಳೆಯದೇ. ಆದರೆ ಯಂತ್ರದ ಹಿಂದಿನ ಸಣ್ಣ ಕೊಳವೆಯ ಕೆಳಗೆ ದಿನವೂ ಬಕೆಟ್ ಇಟ್ಟು ತುಂಬಿಸಿಕೊಳ್ಳುವ ಮನೆ ಅಪರೂಪ. ಮೂಲದಲ್ಲೇ ಗಡಸಾಗಿದ್ದ ನೀರು ಯಂತ್ರದಿಂದ ಇನ್ನೂ ಉಪ್ಪಾಗಿ ಹೊರಬರುವುದರಿಂದ ಹಿತ್ತಲಿನ ಕರಿಬೇವಿಗೋ ನಿಂಬೆಗೋ ವರ್ಷಗಟ್ಟಲೆ ಅದನ್ನೇ ಹಾಕಲೂ ಆಗದು. ಆಗಾಗ ಬದಲಿಸಬೇಕಾದ ಪ್ಲಾಸ್ಟಿಕ್ ಕಾಟ್ರಿಜ್, ಪೊರೆಗಳ ಕಸ ಬೇರೆ.

ಮಾರುವವರು ತೋರಿಸುವ ಒಂದು ಪ್ರಯೋಗದ ಬಗ್ಗೆ ಎಲ್ಲರೂ ತಿಳಿದಿರಬೇಕು. ನಳದ ನೀರಿನ ಲೋಟದಲ್ಲಿ ವಿದ್ಯುತ್ ಹರಿಯುವ ಕಡ್ಡಿಗಳನ್ನು ಅದ್ದುತ್ತಾರೆ, ನೀರು ಕಂದು ಬಣ್ಣಕ್ಕೆ ತಿರುಗುತ್ತದೆ. ಆರ್‌ಒ ನೀರಿನ ಲೋಟದಲ್ಲಿ ಹಾಗಾಗುವುದಿಲ್ಲ. ನೋಡಿದ ತಾಯಂದಿರು ಹೆದರುತ್ತಾರೆ. ಆ ಕಂದು ಬಣ್ಣ ನೀರಿನಲ್ಲಿದ್ದ ಕೊಳೆಯಲ್ಲ, ಕಡ್ಡಿಯ ಕಬ್ಬಿಣವೇ ಕರಗಿ ಬಂದದ್ದು. ಲವಣವಿರುವ ನೀರಿನಲ್ಲಿ ವಿದ್ಯುತ್ ಹರಿಯುತ್ತದೆ, ಲವಣ ತೆಗೆದ ನೀರಿನಲ್ಲಿ ಅಷ್ಟಾಗಿ ಹರಿಯುವುದಿಲ್ಲ, ಅಷ್ಟೇ. ಜೇಬಿನಿಂದ ತೆಗೆದು ತೋರಿಸುವ ಟಿಡಿಎಸ್ ಪೆನ್ನು ಕೂಡ ಒಟ್ಟು ಲವಣವೆಷ್ಟು ಎಂಬ ಅಂದಾಜನ್ನಷ್ಟೇ ಕೊಡುತ್ತದೆ. ರೋಗಾಣು ಅದಕ್ಕೆ ಕಾಣದು, ಫ್ಲೋರೈಡ್ ಎಷ್ಟೆಂದೂ ತಿಳಿಯದು. ಭಾರತೀಯ ಮಾನಕ ಸಂಸ್ಥೆಯ 2012ರ ಕುಡಿಯುವ ನೀರಿನ ಮಾನದಂಡದಂತೆ ಟಿಡಿಎಸ್ ಲೀಟರಿಗೆ 500 ಮಿಲಿಗ್ರಾಂ ಒಳಗಿರುವುದು ಒಳ್ಳೆಯದು, ಬೇರೆ ಮೂಲವಿಲ್ಲದಿದ್ದರೆ 2000ದವರೆಗೂ ಒಪ್ಪಬಹುದು. ಫ್ಲೋರೈಡಿಗೆ ಈ ಮಿತಿ 1 ಮತ್ತು 1.5 ಮಿಲಿಗ್ರಾಂ. ನೈಟ್ರೇಟ್ 45 ದಾಟುವಂತಿಲ್ಲ, ಅದರಲ್ಲಿ ರಿಯಾಯಿತಿಯೇ ಇಲ್ಲ. 400 ಟಿಡಿಎಸ್ ತೋರಿಸುವ ನೀರಿನಲ್ಲಿ ಮಕ್ಕಳ ಹಲ್ಲು ಕೆಡಿಸುವಷ್ಟು ಫ್ಲೋರೈಡ್ ಇರಬಹುದು, 900 ತೋರಿಸುವ ನೀರು ಬರೀ ಗಡಸಾಗಿರಬಹುದು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರ ಮೇ ತಿಂಗಳಲ್ಲಿ 500ಕ್ಕಿಂತ ಕಡಿಮೆ ಟಿಡಿಎಸ್ ಇರುವ ಕಡೆ ಆರ್‌ಒ ನಿಷೇಧಿಸಬೇಕೆಂದು ಹೇಳಿದ್ದು ನೀರಿನ ಪೋಲನ್ನು ಕಂಡು. ಅದರ ಉದ್ದೇಶ ಸರಿ. ಆದರೆ ಮನೆಯವರು ಆ ಒಂದು ಸಂಖ್ಯೆಯನ್ನೇ ನೆಚ್ಚಿಕೊಂಡರೆ ಸಾಲದು.

ಹಾಗಾದರೆ ನದಿ, ಕಾಲುವೆ, ಕೆರೆಯ ನೀರು ಬರುವ ಮನೆಗೆ ಏನು ಬೇಕು? ರಾಡಿ ಕೂರಿಸಬೇಕು, ಸೋಸಬೇಕು, ರೋಗಾಣು ಕೊಲ್ಲಬೇಕು. ಈ ಮೂರಕ್ಕೂ ಪಂಪು, ಪೊರೆ ಬೇಕಿಲ್ಲ. ಹೊಸ ನೀರು ಬಂದಾಗ ಪಟಿಕ ಆಡಿಸಿ ಹರವಿಯಲ್ಲಿ ರಾತ್ರಿಯಿಡೀ ಬಿಟ್ಟು ಮೇಲಿನ ತಿಳಿಯನ್ನು ಬಗ್ಗಿಸಿಕೊಳ್ಳುವುದು ಮೊದಲ ಹೆಜ್ಜೆ. ಕೊಡದ ಬಾಯಿಗೆ ಬಟ್ಟೆ ಕಟ್ಟಿ ಸೋಸುವುದನ್ನು ಹಳೆಯ ಕಾಲದ ಪದ್ಧತಿಯೆಂದು ತಳ್ಳಿಹಾಕುವವರು ಬಾಂಗ್ಲಾದೇಶದ ಮತ್ಲಬ್‌ನ ಅನುಭವವನ್ನು ನೋಡಬೇಕು. ರೀಟಾ ಕೋಲ್ವೆಲ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಹಳೆಯ ಹತ್ತಿ ಸೀರೆಯನ್ನು ನಾಲ್ಕಾರು ಮಡಿಕೆ ಮಾಡಿ ನೀರು ಸೋಸಿದ ಹಳ್ಳಿಗಳಲ್ಲಿ ಕಾಲರಾ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಕಾಲರಾ ರೋಗಾಣು ಅಂಟಿಕೊಳ್ಳುವ ನೀರಿನ ಸಣ್ಣ ಜೀವಿಗಳು ಆ ಬಟ್ಟೆಯಲ್ಲಿ ಸಿಕ್ಕಿಬೀಳುತ್ತಿದ್ದವು. ಹಾಗೆಂದು ಬಟ್ಟೆಯೊಂದೇ ಸಾಕೆನ್ನಲಾಗದು, ಬಿಡಿ ರೋಗಾಣುವನ್ನು ಅದು ತಡೆಯದು. ಸೋಸಿದ ನೀರನ್ನು ಮಣ್ಣಿನ ಇಲ್ಲವೇ ಸೆರಾಮಿಕ್ ಕ್ಯಾಂಡಲ್ ಫಿಲ್ಟರಿಗೆ ಹಾಕಬೇಕು. ಈ ಫಿಲ್ಟರ್ ತನ್ನ ಭಾರಕ್ಕೆ ತಾನೇ ಇಳಿಯುವ ನೀರಿನಿಂದ ನಡೆಯುತ್ತದೆ, ಕರೆಂಟ್ ಬೇಡ, ಒಂದು ಹನಿಯೂ ಹೊರಹೋಗುವುದಿಲ್ಲ, ಕ್ಯಾಂಡಲನ್ನು ಆಗಾಗ ಉಜ್ಜಿ ತೊಳೆದರೆ ಬಹುಕಾಲ ಬಾಳುತ್ತದೆ. ಭುವನೇಶ್ವರದ ಸಿಎಸ್‌ಐಆರ್ ಪ್ರಯೋಗಾಲಯ ಕೆಮ್ಮಣ್ಣು, ಮರಳು, ಮರದ ಹೊಟ್ಟು ಸೇರಿಸಿ ಸುಟ್ಟು ತಯಾರಿಸಿದ ಟೆರಾಫಿಲ್ ಬಿಲ್ಲೆಯೂ ಇದೇ ಜಾತಿಯದು, ಕುಂಬಾರರ ಕೈಗೆ ಕೆಲಸ ಕೊಡಬಲ್ಲ ತಂತ್ರ. ಮಳೆಗಾಲದಲ್ಲಿ, ಪ್ರವಾಹದ ನಂತರ, ಕೊನೆಗೆ ಕ್ಲೋರಿನ್ ಮಾತ್ರೆ ಹಾಕಿ ಅರ್ಧ ಗಂಟೆ ಕಾಯುವುದು ಕಡ್ಡಾಯವಾಗಬೇಕು. ಕ್ಲೋರಿನ್ ವಾಸನೆ ಕೆಲವರಿಗೆ ಒಗ್ಗದು. ಆದರೆ ತುಂಬಿಟ್ಟ ನೀರಿಗೆ ಮತ್ತೆ ಕೈ ಅದ್ದಿದಾಗಲೂ ಒಂದಿಷ್ಟು ರಕ್ಷಣೆ ಕೊಡುವುದು ಅದೊಂದೇ. ಆರ್‌ಒ, ಅತಿನೇರಳೆ ದೀಪ ಎರಡಕ್ಕೂ ಈ ಗುಣವಿಲ್ಲ. ತಾಮ್ರದ ಬಿಂದಿಗೆಯ ಬಗ್ಗೆಯೂ ಪುರಾವೆಯಿದೆ. ಬೆಂಗಳೂರಿನ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ತಾಮ್ರದ ಕೊಡದೊಳಗೆ 16 ಗಂಟೆ ಇಟ್ಟ ನೀರಿನಲ್ಲಿ ಕಾಲರಾ, ಭೇದಿ ತರುವ ರೋಗಾಣುಗಳು ಬದುಕಲಿಲ್ಲ, ನೀರಿಗಿಳಿದ ತಾಮ್ರವೂ ಮಿತಿಯೊಳಗಿತ್ತು. ಅದು ಪ್ರಯೋಗಾಲಯದ ತಿಳಿನೀರಿನ ಮಾತು ಎಂಬುದನ್ನು ಮರೆಯದೆ ತಾಮ್ರದ ಕೊಡವನ್ನು ಹೆಚ್ಚುವರಿ ಕಾವಲಾಗಿ ಇಟ್ಟುಕೊಳ್ಳಬಹುದು.

ಬೋರಿನ ನೀರಿನ ಲೆಕ್ಕವೇ ಬೇರೆ. ಇಲ್ಲಿ ಬಹಳ ಮನೆಗಳು ಮಾಡುವ ತಪ್ಪೆಂದರೆ ಕುದಿಸಿದರೆ ಎಲ್ಲ ದೋಷವೂ ಹೋಗುತ್ತದೆಂಬ ನಂಬಿಕೆ. ಕುದಿಸಿದರೆ ರೋಗಾಣು ಸಾಯುತ್ತದೆ, ಗಡಸುತನದ ಒಂದು ಭಾಗ ಪಾತ್ರೆಯ ತಳಕ್ಕೆ ಬಿಳಿ ಪುಡಿಯಾಗಿ ಕೂರುತ್ತದೆ. ಆದರೆ ಫ್ಲೋರೈಡ್, ನೈಟ್ರೇಟ್ ಆವಿಯಾಗಿ ಹೋಗುವುದಿಲ್ಲ. ನೀರು ಬತ್ತಿದಷ್ಟೂ ಅವು ಗಾಢವಾಗುತ್ತವೆ. ನೈಟ್ರೇಟ್ ಹೆಚ್ಚಿರುವ ನೀರನ್ನು ಕುದಿಸಿ ಹಸುಗೂಸಿನ ಹಾಲಿನ ಪುಡಿ ಕಲಸಿದರೆ ಮಗುವಿನ ರಕ್ತ ಆಮ್ಲಜನಕ ಹೊರುವ ಶಕ್ತಿಯನ್ನೇ ಕಳೆದುಕೊಂಡು ಮೈ ನೀಲಿಗಟ್ಟುವ ಅಪಾಯವಿದೆ. ಕ್ಯಾಂಡಲ್, ಬಟ್ಟೆ, ಕ್ಲೋರಿನ್ ಇವ್ಯಾವುವೂ ಕರಗಿದ ವಿಷವನ್ನು ಮುಟ್ಟುವುದಿಲ್ಲ. ಫ್ಲೋರೈಡಿಗೆ ಪಟಿಕ ಮತ್ತು ಸುಣ್ಣ ಬಳಸುವ ನಲಗೊಂಡ ವಿಧಾನವನ್ನು ನಾಗಪುರದ ನೀರಿ ಸಂಸ್ಥೆ ಬೆಳೆಸಿತು. ಅಲ್ಯುಮಿನಾ ಹರಳಿನ ಫಿಲ್ಟರುಗಳೂ ಇವೆ. ಇವುಗಳಲ್ಲಿ ನೀರು ಹೆಚ್ಚು ಪೋಲಾಗದು ನಿಜ. ಆದರೆ ಮೊದಲನೆಯದರಲ್ಲಿ ಅಳತೆ ತಪ್ಪುವಂತಿಲ್ಲ, ಎರಡನೆಯದರಲ್ಲಿ ಹರಳನ್ನು ಕಾಲಕಾಲಕ್ಕೆ ಕ್ಷಾರ, ಆಮ್ಲದಿಂದ ಶುದ್ಧ ಮಾಡಬೇಕು. ನೋಡಿಕೊಳ್ಳುವವರು ಇಲ್ಲದ ಕಡೆ ಎರಡೂ ಕೈಕೊಡುತ್ತವೆ. ಹೀಗಾಗಿ ಪರೀಕ್ಷೆಯಲ್ಲಿ ಫ್ಲೋರೈಡ್ ಅಥವಾ ನೈಟ್ರೇಟ್ ಮಿತಿ ಮೀರಿದೆ ಎಂದು ಬಂದ ಕಡೆ ಆರ್‌ಒ ಬೇಡವೆನ್ನುವುದು ತಪ್ಪು. ಅಲ್ಲಿ ಅದು ಬೇಕೇ ಬೇಕು. ಅದನ್ನು ಮನೆಮನೆಗೆ ಒಂದೊಂದು ಇಡುವುದಕ್ಕಿಂತ ಊರಿಗೊಂದು ನಡೆಸುವುದು ಮೇಲು. ಎಚ್.ಕೆ. ಪಾಟೀಲರು ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದ ಕಾಲದಲ್ಲಿ ರಾಜ್ಯದಾದ್ಯಂತ ಹಬ್ಬಿದ ಶುದ್ಧ ಕುಡಿಯುವ ನೀರಿನ ಘಟಕಗಳ ಹಿಂದಿನ ಯೋಚನೆ ಇದೇ. ನಾಣ್ಯ ಹಾಕಿದರೆ 20 ಲೀಟರ್ ಸಿಗುವ ಆ ಘಟಕಗಳಲ್ಲಿ ಎಷ್ಟೋ ಕೆಟ್ಟು ನಿಂತಿರುವುದು, ಹೊರಬಿಟ್ಟ ನೀರು ರಸ್ತೆಯಲ್ಲೇ ಹರಿಯುವುದು ನೋವಿನ ಸಂಗತಿ. ಆದರೂ ಒಂದೇ ಕಡೆ ಹೊರಬರುವ ಆ ನೀರನ್ನು ತೊಟ್ಟಿಗೆ ಹಿಡಿದು ಶಾಲೆಯ ಶೌಚಾಲಯಕ್ಕೋ ರಸ್ತೆ ಕೆಲಸಕ್ಕೋ ಬಳಸುವುದು ಪಂಚಾಯಿತಿಗೆ ಸಾಧ್ಯ. ನೂರು ಮನೆಗಳ ನೂರು ಕೊಳವೆಗಳಿಂದ ಅದು ಸಾಧ್ಯವಿಲ್ಲ.

ಇಷ್ಟರಲ್ಲಿ ನಾವು ಮರೆತ ಮೂರನೆಯ ನೀರೊಂದಿದೆ, ಮಳೆಯದು. ಅದರಲ್ಲಿ ಗಡಸುತನವಿಲ್ಲ, ಫ್ಲೋರೈಡಿನ ಭಯವಿಲ್ಲ, ಬೇಳೆಯೂ ಚೆನ್ನಾಗಿ ಬೇಯುತ್ತದೆ. ಈ ಬಯಲಿನಲ್ಲಿ ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆ ಎಂದು ಹಿಡಿದರೂ 50 ಚದರ ಮೀಟರ್ ಆರ್‌ಸಿಸಿ ಚಾವಣಿಯ ಮೇಲೆ ಬೀಳುವುದು 35 ಸಾವಿರ ಲೀಟರ್. ಹಾಳಾಗುವ ಪಾಲು ಕಳೆದರೆ 28 ಸಾವಿರ. ಐದು ಜನರ ಮನೆಗೆ ಕುಡಿಯಲು, ಅಡುಗೆಗೆ ವರ್ಷವಿಡೀ ಬೇಕಾದದ್ದು 7,300 ಲೀಟರ್ ಮಾತ್ರ. ಎಂಟು ತಿಂಗಳ ಒಣಗಾಲಕ್ಕೆ 5,000 ಲೀಟರಿನ ಮುಚ್ಚಿದ ತೊಟ್ಟಿ ಸಾಕು. ಬರಗಾಲದ ವರ್ಷ ಮಳೆ ಅರ್ಧಕ್ಕಿಳಿದರೂ ಈ ಲೆಕ್ಕ ಕೆಡದು. ಮಣ್ಣಿನ ಮಾಳಿಗೆಯಿಂದ ತಿಳಿನೀರು ಬರುವುದಿಲ್ಲ ಎಂಬ ಆಕ್ಷೇಪ ನ್ಯಾಯವಾದದ್ದು. ಅಂಥ ಮನೆಯವರು ದನದ ಕೊಟ್ಟಿಗೆಯ ತಗಡಿನಿಂದಲೋ, ಶಾಲೆ, ಸಮುದಾಯ ಭವನದ ಚಾವಣಿಯಿಂದಲೋ ಹಿಡಿಯಬೇಕಾಗುತ್ತದೆ. ಮೊದಲ ಮಳೆಯ ನೀರನ್ನು ಹೊರಗೆ ಬಿಟ್ಟು, ಮುಂದಿನದನ್ನು ಮರಳು-ಇದ್ದಿಲಿನ ಪದರದಲ್ಲಿ ಇಳಿಸಿ, ಬೆಳಕು ಸೊಳ್ಳೆ ಹೋಗದಂತೆ ಮುಚ್ಚಿ, ಕುಡಿಯುವಾಗ ಕ್ಯಾಂಡಲ್ ಫಿಲ್ಟರಿಗೆ ಹಾಕಿದರೆ ಆಯಿತು. ತೊಟ್ಟಿಯ ಖರ್ಚು ಬಡ ಮನೆಗೆ ಭಾರ ಎಂಬುದೂ ನಿಜ. ಫ್ಲೋರೈಡ್ ಪೀಡಿತ ಊರಿಗೆ ಹತ್ತಾರು ವರ್ಷ ಯಂತ್ರ ನಡೆಸುವ ಹಣದಲ್ಲಿ ಒಂದು ಪಾಲನ್ನಾದರೂ ಇಂಥ ತೊಟ್ಟಿಗಳಿಗೆ ಸಹಾಯಧನವಾಗಿ ಕೊಡಿ ಎಂದು ಕೇಳುವ ಹಕ್ಕು ಆ ಊರಿಗಿದೆ.

ಎಲ್ಲಕ್ಕಿಂತ ಗಂಭೀರವಾದ ಆಕ್ಷೇಪ ಬೇರೆಯೇ ಇದೆ. ಬೆಂಗಳೂರಿನವರು ಮನೆಯಲ್ಲಿ ಆರ್‌ಒ ಇಟ್ಟುಕೊಂಡು ಕುಡಿಯುವಾಗ ಆಳಂದದವರಿಗೆ ಮಾತ್ರ ಮಣ್ಣಿನ ಫಿಲ್ಟರಿನ ಉಪದೇಶವೇಕೆ? ಪ್ರಶ್ನೆ ಸರಿಯಾದದ್ದು. ಆದರೆ ಇಲ್ಲಿ ಹೇಳಿದ ಅಳತೆಗೋಲಿನಿಂದಲೇ ನೋಡಿದರೆ, ಮೊದಲು ಯಂತ್ರ ನಿಲ್ಲಿಸಬೇಕಾದವರು ಟಿಡಿಎಸ್ ಕಡಿಮೆಯೇ ಇರುವ ಕಾವೇರಿ ನೀರಿಗೆ ಆರ್‌ಒ ಹಾಕಿಕೊಂಡ ನಗರದವರು. ಫ್ಲೋರೈಡ್ ಇರುವ ಹಳ್ಳಿಗೆ ಅದು ಸಿಗಬೇಕು, ಕೆಡದೆ ನಡೆಯಬೇಕು. ಸರ್ಕಾರಿ ನಳವನ್ನು ನಂಬುವುದು ಹೇಗೆಂಬ ಅನುಮಾನಕ್ಕೂ ಕಾರಣವಿದೆ. 2022ರಲ್ಲಿ ರಾಯಚೂರಿನಲ್ಲಿ, 2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಸತ್ತದ್ದನ್ನು ಯಾರೂ ಮರೆತಿಲ್ಲ. ಮನೆಯ ಫಿಲ್ಟರ್ ಎಂಥದ್ದೇ ಇರಲಿ, ಒಡೆದ ಪೈಪನ್ನೂ ತೊಳೆಯದ ಟ್ಯಾಂಕನ್ನೂ ಅದು ರಿಪೇರಿ ಮಾಡದು. ಆ ಸಾವುಗಳಲ್ಲಿ ಜೀವ ತೆಗೆದದ್ದು ರೋಗಾಣು ಎಂದಾದರೆ ಅಂಥ ದೋಷಕ್ಕೆ ಕ್ಲೋರಿನ್ ಇದೆ, ಟ್ಯಾಂಕಿಗೆ ಅದನ್ನು ದಿನವೂ ಹಾಕಬೇಕಾದ ಸ್ಥಳೀಯ ಆಡಳಿತವೂ ಇದೆ.

ಇಷ್ಟಕ್ಕೂ ಮೊದಲು ಆಗಬೇಕಾದ್ದು ಪರೀಕ್ಷೆ, ಅದು ಈಗ ಮೊದಲಿನಷ್ಟು ದೂರವಿಲ್ಲ. ಜಲ ಜೀವನ್ ಮಿಷನ್‌ನಲ್ಲಿ ಪ್ರತಿ ಊರಿನ ಐವರು ಮಹಿಳೆಯರಿಗೆ ಪರೀಕ್ಷಾ ಕಿಟ್ ಬಳಸುವ ತರಬೇತಿ ಕೊಡಬೇಕೆಂದಿದೆ. ಗಡಸುತನ, ಫ್ಲೋರೈಡ್, ನೈಟ್ರೇಟ್, ಉಳಿಕೆ ಕ್ಲೋರಿನ್ ಅದರಲ್ಲೇ ತಿಳಿಯುತ್ತವೆ. ರೋಗಾಣುವಿಗೆ ಬೇರೆ ಸೀಸೆಯಿದೆ, ನೀರು ತುಂಬಿಟ್ಟು ಒಂದೆರಡು ದಿನದಲ್ಲಿ ಅದು ಕಪ್ಪಾದರೆ ಆ ನೀರಿಗೆ ಮಲದ ಸೋಂಕು ತಗುಲಿರುವ ಸಾಧ್ಯತೆ ಹೆಚ್ಚು. ಕಿಟ್ ತೋರಿಸಿದ್ದನ್ನು ಇಲಾಖೆಯ ಪ್ರಯೋಗಾಲಯದಲ್ಲಿ ಖಚಿತ ಮಾಡಿಕೊಳ್ಳಬೇಕು. ಬೋರಿನ ಆಳದಲ್ಲಿ ಲವಣ ಗಾಢವಾಗಿರುವ ಮೇ ತಿಂಗಳ ಕೊನೆಯಲ್ಲಿ ಒಂದು ಸಲ, ಹೊಸ ನೀರು ಇಳಿದ ಮೇಲೆ ಸೆಪ್ಟೆಂಬರಿನಲ್ಲಿ ಇನ್ನೊಂದು ಸಲ ಪರೀಕ್ಷೆ ಮಾಡಿಸಿ, ಯಾವ ಬೋರು, ಯಾವ ನಳ, ಯಾವ ದಿನಾಂಕ ಎಂದು ಬರೆದ ಫಲಿತಾಂಶವನ್ನು ಗ್ರಾಮ ಪಂಚಾಯಿತಿಯ ಗೋಡೆಗೆ ಹಚ್ಚುವಂತೆ ಗ್ರಾಮಸಭೆಯಲ್ಲಿ ಕೇಳಿ. ಫಿಲ್ಟರ್ ಅಂಗಡಿಗೆ ಹೋಗುವುದು ಆ ಚೀಟಿ ಓದಿದ ಮೇಲೆ.