ಖಾಲಿ ಕೈಯಲ್ಲಿ ಬಂದರೆ ಸಂತೋಷ

ಹೈದರಾಬಾದಿನ ನಾನಕ್‌ರಾಮ್‌ಗುಡದ ಅಮೆರಿಕನ್ ಕಾನ್ಸುಲೇಟಿನ ಹೊರಗೆ, ರಸ್ತೆಯ ಬದಿಯಲ್ಲಿ, ಬೆಳಿಗ್ಗೆಯಿಂದಲೇ ಅಪ್ಪ ಅಮ್ಮಂದಿರು ನಿಂತಿರುತ್ತಾರೆ. ಮಕ್ಕಳು ವಿದ್ಯಾರ್ಥಿ ವೀಸಾದ ಸಂದರ್ಶನಕ್ಕೆ ಒಳಗೆ ಹೋಗಿದ್ದಾರೆ. ಫೋನು ಒಳಗೆ ಬಿಡುವುದಿಲ್ಲ, ಹಾಗಾಗಿ ಅದು ಅಮ್ಮನ ಮುಷ್ಟಿಯಲ್ಲಿದೆ. ಅಪ್ಪನ ಕಂಕುಳಲ್ಲಿ ಇನ್ನೊಂದು ಫೈಲು: ಮೂರು ವರ್ಷದ ತೆರಿಗೆ ರಿಟರ್ನು, ಮನೆಪತ್ರದ ಜೆರಾಕ್ಸು, ಬ್ಯಾಂಕಿನ ಸಾಲ ಮಂಜೂರಾತಿ. ಅದೇ ಕಾಗದಗಳ ಒಂದು ಪ್ರತಿ ಮಗನ ಕೈಯಲ್ಲೂ ಹೋಗಿದೆ. ಆದರೂ ಹೊರಗೊಂದು ಇರಲಿ ಎಂದು ತಂದಿದ್ದಾರೆ. 2023ರ ಮಾರ್ಚಿಗೆ ಮೊದಲು ಇದೇ ಕಾಯುವಿಕೆ ಬೇಗಂಪೇಟೆಯ ಪೈಗಾ ಅರಮನೆಯ ಹೊರಗೆ ನಡೆಯುತ್ತಿತ್ತು. ಈಗ ಸುತ್ತ ಗಾಜಿನ ಎತ್ತರದ ಆಫೀಸುಗಳು. ಅಲ್ಲಿಗೆ ಕೆಲಸಕ್ಕೆ ಬರುವ ಯುವಕರನ್ನು ಈ ಅಮ್ಮಂದಿರು ಒಂದು ಕ್ಷಣ ಹೆಚ್ಚಿಗೆ ನೋಡುತ್ತಾರೆ.

ಗೇಟಿನಿಂದ ಯಾರಾದರೂ ಹೊರಬಂದರೆ ಎಲ್ಲರ ಕಣ್ಣು ಮೊದಲು ಹೋಗುವುದು ಮುಖಕ್ಕಲ್ಲ, ಕೈಗೆ. ವೀಸಾ ಒಪ್ಪಿದರೆ ಅಧಿಕಾರಿ ಪಾಸ್‌ಪೋರ್ಟನ್ನು ಒಳಗೇ ಇಟ್ಟುಕೊಳ್ಳುತ್ತಾರೆ, ನಿರಾಕರಿಸಿದರೆ ಚೀಟಿಯೊಂದರ ಜೊತೆ ಕೈಗೆ ಕೊಡುತ್ತಾರೆ. ಪಾಸ್‌ಪೋರ್ಟಿಲ್ಲದೆ ಬಂದ ಹುಡುಗಿಯನ್ನು ಅವಳಮ್ಮ ಅಪ್ಪಿಕೊಂಡಾಗ ಪಕ್ಕದಲ್ಲಿದ್ದ ಗುರುತಿಲ್ಲದ ಹೆಂಗಸರೂ ಅವಳ ತಲೆ ಸವರಿದರು. ನೀಲಿ ಪುಸ್ತಕ ಹಿಡಿದು ಬಂದ ಹುಡುಗನಿಗೆ ಜನ ತಾವಾಗಿ ದಾರಿ ಬಿಟ್ಟರು. ಅವನ ಅಪ್ಪ ಏನೂ ಕೇಳದೆ ಆಟೋ ಕರೆದರು.

ಒಳಗೆ ಅಧಿಕಾರಿಯ ಕಿಟಕಿಯ ಮುಂದಿನ ಮಾತುಕತೆ ಎರಡು ಮೂರು ನಿಮಿಷದ್ದು. ಯಾವ ವಿಶ್ವವಿದ್ಯಾಲಯ, ಯಾಕೆ ಅದೇ, ಖರ್ಚು ಯಾರದು, ತಂದೆಗೆ ಏನು ಕೆಲಸ, ವರ್ಷಕ್ಕೆ ಎಷ್ಟು ಆದಾಯ. ಕೊನೆಯ ಪ್ರಶ್ನೆಗಳನ್ನು ಗಮನಿಸಿ. ಇಪ್ಪತ್ತೆರಡು ವರ್ಷ ಒಂದೇ ಸೂರಿನಡಿ ಬೆಳೆದ ಮಗ ಅಪ್ಪನ ಸಂಪಾದನೆ ಎಷ್ಟೆಂದು ತಿಳಿದುಕೊಳ್ಳುವುದು ಎಷ್ಟೋ ಮನೆಗಳಲ್ಲಿ ಈ ಕಿಟಕಿಗೆ ಉತ್ತರ ಸಿದ್ಧ ಮಾಡಿಕೊಳ್ಳುವಾಗಲೇ. ನನಗೆ ಈ ಇಡೀ ಸಿದ್ಧತೆಯಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಇದು. ಸೂಟ್‌ಕೇಸು ತುಂಬುವುದಕ್ಕೆ ಮುಂಚೆ ಮನೆಯ ಲೆಕ್ಕ ಮಕ್ಕಳ ಮುಂದೆ ಬಿಚ್ಚಬೇಕು.

ಬರ್ಕತ್‌ಪುರ, ಕಾಚಿಗುಡ, ಬಡಿಚೌಡಿ ಕಡೆಯ ಕನ್ನಡದ ಮನೆಗಳಲ್ಲಿ ಈ ಮಾತು ಸುಲಭಕ್ಕೆ ಬರುವುದಿಲ್ಲ. ಬೀದರ, ಕಲಬುರಗಿ, ರಾಯಚೂರು ಕಡೆಯಿಂದ ಬಂದು ನೆಲೆನಿಂತವರು ಇಲ್ಲಿ ಬಹಳ. "ನಿಮ್ದು ಪಗಾರ ಎಷ್ಟದ ಅಪ್ಪಾ?" ಎಂದು ಮಗ ಕೇಳಿದರೆ, "ಅದು ತಗೊಂಡು ನೀ ಏನ್ ಮಾಡ್ತಿ? ಫೀಸು ನಾ ನೋಡ್ಕೋತೀನಿ, ನೀ ಓದು" ಎಂಬುದೇ ಉತ್ತರ. ಆ ಉತ್ತರದಲ್ಲಿ ಪ್ರೀತಿಯಿದೆ, ಅನುಮಾನವಿಲ್ಲ. ಆದರೆ ಸಾಲ ಬರೆಯುವುದು ಮಗನ ಹೆಸರಿಗೆ, ಅಪ್ಪ ಅಮ್ಮ ಸಹ-ಅರ್ಜಿದಾರರು. ಬ್ಯಾಂಕಿನವರು ಮನೆಯ ಮೂಲಪತ್ರ, ಹಿಂದಿನ ಮಾಲೀಕರ ಲಿಂಕ್ ಡಾಕ್ಯುಮೆಂಟು, ಇ.ಸಿ. ಎಂಬ ಋಣಭಾರ ಪತ್ರ ಕೇಳುತ್ತಾರೆ. ಅವರ ವಕೀಲರು ಪತ್ರ ಓದುತ್ತಾರೆ, ಅವರ ಎಂಜಿನಿಯರು ಬಂದು ಗೋಡೆ ಅಳೆಯುತ್ತಾರೆ. ಅಜ್ಜ ಕಟ್ಟಿಸಿದ ಮನೆಗೆ ಯಾರೋ ಟೇಪು ಹಿಡಿದು ಬೆಲೆ ಕಟ್ಟುವಾಗ ಅಡುಗೆಮನೆಯ ಬಾಗಿಲಲ್ಲಿ ಅಮ್ಮ ಸುಮ್ಮನೆ ನಿಂತಿರುತ್ತಾರೆ. ಆ ಹೊತ್ತಿನಲ್ಲಿ ಮಗನೂ ಅಲ್ಲಿರಲಿ. ಅವನು ಕೋಚಿಂಗಿಗೆ ಹೋಗಿದ್ದರೆ ಎಂಜಿನಿಯರನ್ನು ಇನ್ನೊಂದು ದಿನ ಬರಹೇಳಿ.

ಓದು ಮುಗಿಯುವವರೆಗೂ, ಮುಗಿದ ಮೇಲೆ ಕೆಲವು ತಿಂಗಳೂ ಕಂತು ಕಟ್ಟಬೇಕಿಲ್ಲ ಎಂದು ಬ್ಯಾಂಕು ಹೇಳುತ್ತದೆ. ಕಂತಿಲ್ಲದ ಆ ಕಾಲದಲ್ಲೂ ಬಡ್ಡಿ ಬೆಳೆಯುತ್ತಲೇ ಇರುತ್ತದೆ. ಅದನ್ನು ತಿಂಗಳು ತಿಂಗಳು ಕಟ್ಟಿಬಿಡುವುದೋ ಬಿಡುವುದೋ ಎಂಬುದನ್ನು ಮೂವರೂ ಕೂತು ತೀರ್ಮಾನಿಸಬೇಕು. ಸಾಲ ರೂಪಾಯಿಯಲ್ಲಿ, ಫೀಸು ಡಾಲರಿನಲ್ಲಿ. ರೂಪಾಯಿ ಇಳಿದರೆ ಎರಡನೇ ವರ್ಷದ ಫೀಸಿಗೆ ಮೊದಲ ವರ್ಷದ ಲೆಕ್ಕ ಸಾಲದು. ಬ್ಯಾಂಕಿನ ಸಾಲದಿಂದ ಹೊರದೇಶಕ್ಕೆ ಕಳಿಸುವ ಶಿಕ್ಷಣದ ಹಣಕ್ಕೆ 2025ರ ಏಪ್ರಿಲ್‌ನಿಂದ ಟಿ.ಸಿ.ಎಸ್. ಎಂಬ ಮುಂಗಡ ತೆರಿಗೆ ಹಿಡಿಯುವುದಿಲ್ಲ. ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಎಂಟು ವರ್ಷದವರೆಗೆ ಈ ಸಾಲದ ಬಡ್ಡಿಗೆ ವಿನಾಯಿತಿ ಉಂಟು. ಒಂದು ಆರ್ಥಿಕ ವರ್ಷದಲ್ಲಿ ಒಬ್ಬರು ಹೊರಗೆ ಕಳಿಸಬಹುದಾದ ಮಿತಿ 2,50,000 ಡಾಲರು. ಇಷ್ಟನ್ನು ತಿಳಿದುಕೊಂಡ ಅಮ್ಮ ಬ್ಯಾಂಕಿನ ಕುರ್ಚಿಯಲ್ಲಿ ಬೇರೆ ರೀತಿ ಕೂರುತ್ತಾರೆ, ಸಹಿಗೆ ಮುಂಚೆ ಪ್ರಶ್ನೆ ಕೇಳುತ್ತಾರೆ.

ಅಮೀರ್‌ಪೇಟೆಯಲ್ಲಿ ಮೈತ್ರೀವನಂ ಕಟ್ಟಡದ ಸುತ್ತ ಒಂದು ಸಂಜೆ ನಿಂತು ನೋಡಿ. ಗೋಡೆ, ಬಾಲ್ಕನಿ, ಮೆಟ್ಟಿಲು ಎಲ್ಲೆಲ್ಲೂ ಫ್ಲೆಕ್ಸುಗಳು: ಜಿ.ಆರ್.ಇ., ಐಎಲ್ಟ್ಸ್, ಜಾವಾ, ಪೈಥಾನ್. ಕರಪತ್ರ ಹಂಚುವ ಹುಡುಗರು ಹೆಜ್ಜೆಗೊಂದು ಕಾಗದ ಕೈಗಿಡುತ್ತಾರೆ. ಇಡ್ಲಿ ಬಂಡಿಯ ಸುತ್ತ ಬೆನ್ನಚೀಲದ ಮಕ್ಕಳು. ಇದೇ ಬೀದಿಗಳಲ್ಲಿ ಒಳ್ಳೆಯ ಮೇಷ್ಟ್ರುಗಳೂ ಇದ್ದಾರೆ, ನೂರಾರು ಮಕ್ಕಳ ಅರ್ಜಿಯನ್ನು ಕಾಳಜಿಯಿಂದ ತಿದ್ದಿಕೊಟ್ಟವರು. ಆದರೆ "ಖಾತೆಯಲ್ಲಿ ದುಡ್ಡಿಲ್ಲವೇ? ಫಂಡ್ ನಾವು ತೋರಿಸುತ್ತೇವೆ" ಎನ್ನುವವರ ಮುಂದೆ ಒಂದು ನಿಮಿಷವೂ ಕೂರಬಾರದು. ಅಡ್ಮಿಶನ್ನಿನಲ್ಲೂ ಮೋಸ ಉಂಟು. 2011ರಲ್ಲಿ ಕ್ಯಾಲಿಫೋರ್ನಿಯಾದ ಟ್ರೈ-ವ್ಯಾಲಿ ಎಂಬ ಹೆಸರಿಗಷ್ಟೇ ವಿಶ್ವವಿದ್ಯಾಲಯವಾಗಿದ್ದ ಸಂಸ್ಥೆ ಮುಚ್ಚಿದಾಗ ಬೀದಿಗೆ ಬಿದ್ದ ಮಕ್ಕಳಲ್ಲಿ ಬಹುಪಾಲು ಅಂದಿನ ಆಂಧ್ರಪ್ರದೇಶದವರು. ಕೆಲವರ ಕಾಲಿಗೆ ನಿಗಾ ಪಟ್ಟಿ ಕಟ್ಟಿದ ಚಿತ್ರಗಳು ಇಲ್ಲಿನ ಪತ್ರಿಕೆಗಳಲ್ಲಿ ಬಂದವು. 2019ರಲ್ಲಿ ಮಿಷಿಗನ್‌ನ ಫಾರ್ಮಿಂಗ್ಟನ್ ವಿಶ್ವವಿದ್ಯಾಲಯದ ಪ್ರಕರಣದಲ್ಲಿ ಮೊದಲು ಬಂಧಿತರಾದ ವಿದ್ಯಾರ್ಥಿಗಳಲ್ಲಿ 129 ಮಂದಿ ಭಾರತೀಯರು. ಆ ವಿಶ್ವವಿದ್ಯಾಲಯವನ್ನು ಅಮೆರಿಕ ಸರ್ಕಾರದ ಅಧಿಕಾರಿಗಳೇ ವೇಷ ಮರೆಸಿಕೊಂಡು ನಡೆಸುತ್ತಿದ್ದರು. ಅಡ್ಮಿಶನ್ ಕೊಟ್ಟ ಸಂಸ್ಥೆ ಎಂಥದ್ದು, ಅಲ್ಲಿ ಪಾಠ ನಡೆಯುತ್ತದೆಯೇ ಎಂದು ಹುಡುಕುವ ಕೆಲಸ ಮಗನದಷ್ಟೇ ಅಪ್ಪನದೂ ಹೌದು. ಓದುವ ಅವಧಿಯಲ್ಲಿ ಕ್ಯಾಂಪಸ್ಸಿನೊಳಗೆ ವಾರಕ್ಕೆ 20 ಗಂಟೆ ಮಾತ್ರ ದುಡಿಯಬಹುದು ಎಂಬ ನಿಯಮವೂ ಅಪ್ಪನಿಗೆ ಗೊತ್ತಿರಬೇಕು. ಗೊತ್ತಿದ್ದರೆ, "ಪಕ್ಕದ ಮನಿ ಹುಡುಗ ಪೆಟ್ರೋಲ್ ಬಂಕಿನಾಗ ಗಳಿಸ್ತಾನಂತ" ಎಂಬ ಮಾತು ಬಾಯಿಗೆ ಬರುವುದಿಲ್ಲ.

ಮಕ್ಕಳನ್ನು ಹೊರದೇಶಕ್ಕೆ ಕಳಿಸುವುದು ಈ ಊರಿಗೆ ಹೊಸದಲ್ಲ. 1895ರಲ್ಲಿ ಹದಿನಾರರ ಹುಡುಗಿ ಸರೋಜಿನಿ (ಮುಂದೆ ಸರೋಜಿನಿ ನಾಯ್ಡು) ನಿಜಾಮರ ವಿದ್ಯಾರ್ಥಿವೇತನದ ಮೇಲೆ ಇಲ್ಲಿಂದ ಇಂಗ್ಲೆಂಡಿಗೆ ಹೊರಟಳು, ಲಂಡನ್ನಿನ ಕಿಂಗ್ಸ್ ಕಾಲೇಜು, ಆಮೇಲೆ ಕೇಂಬ್ರಿಜ್‌ನ ಗರ್ಟನ್. ಅವಳ ತಂದೆ ಅಘೋರನಾಥ ಚಟ್ಟೋಪಾಧ್ಯಾಯರು ಸ್ವತಃ ಎಡಿನ್‌ಬರೋದಲ್ಲಿ ಓದಿ ಡಾಕ್ಟರೇಟ್ ಪಡೆದವರು. ಹಡಗು, ಚಳಿ, ಪತ್ರಕ್ಕಾಗಿ ವಾರಗಟ್ಟಲೆ ಕಾಯುವುದು ಏನೆಂದು ಅವರಿಗೆ ಗೊತ್ತಿತ್ತು. ಇಂದು ಕಳಿಸುವ ಹೆಚ್ಚಿನ ತಂದೆತಾಯಿಗೆ ಆ ಅನುಭವವಿಲ್ಲ. ಆದರೆ ಕಾಚಿಗುಡದ ಕನ್ನಡ ಮನೆಗಳಿಗೆ ಬೇರೊಂದು ನೆನಪಿದೆ. 1956ರವರೆಗೆ ಕಲಬುರಗಿ, ಬೀದರ, ರಾಯಚೂರಿನ ಹುಡುಗರಿಗೆ ಉಸ್ಮಾನಿಯಾವೇ ದೂರದ ವಿಶ್ವವಿದ್ಯಾಲಯ, ಹೈದರಾಬಾದೇ ರಾಜಧಾನಿ. ಕಬ್ಬಿಣದ ಟ್ರಂಕು ಹೊತ್ತು ವಾಡಿ ಮಾರ್ಗದ ರೈಲಿನಲ್ಲಿ ಬಂದಿಳಿದು, ಬೇರೆ ಭಾಷೆಯಲ್ಲಿ ಪಾಠ ಕೇಳಿ, ಸಂಜೆ ಕನ್ನಡದವರನ್ನು ಹುಡುಕಿಕೊಂಡು ಹೋದ ಅಜ್ಜಂದಿರು ಅವರು. ಹಾಗೆ ಹುಡುಕಿಕೊಂಡವರೇ ಕಾಚಿಗುಡದಲ್ಲಿ ಕನ್ನಡಕ್ಕೆಂದು ನೃಪತುಂಗ ಶಾಲೆಯನ್ನೂ ಸಾಹಿತ್ಯ ಮಂದಿರವನ್ನೂ ಕಟ್ಟಿಕೊಂಡರು. ಮೊಮ್ಮಗ ಡಲ್ಲಾಸಿಗೆ ಹೊರಡುವ ಮುನ್ನ ಅಜ್ಜನ ಬಾಯಿಂದ ಆ ಮೊದಲ ವರ್ಷದ ಕಥೆ ಕೇಳಿಸಬೇಕು. ಹಸಿವು, ಅರ್ಥವಾಗದ ಪಾಠ, ಊರಿಗೆ ಓಡಿಹೋಗಬೇಕೆನಿಸಿದ ರಾತ್ರಿ, ಎಲ್ಲ ಸೇರಿ.

ವೀಸಾ ಸಿಗಲೆಂದು ಅಪ್ಪ ಅಮ್ಮಂದಿರು ಉಸ್ಮಾನ್ ಸಾಗರದ ಹತ್ತಿರದ ಚಿಲ್ಕೂರು ಬಾಲಾಜಿ ಗುಡಿಗೂ ಹೋಗಿ ಬರುತ್ತಾರೆ. ಹರಕೆಗೆ 11 ಸುತ್ತು, ಫಲಿಸಿದರೆ 108. ಹುಂಡಿಯೇ ಇಲ್ಲದ ಗುಡಿ ಅದು. ಕೈಯಲ್ಲಿ ಅಂಕಿಗಳ ಚೀಟಿ ಹಿಡಿದು ಒಂದೊಂದೇ ಗುರುತು ಹಾಕುತ್ತ ವೇಗವಾಗಿ ನಡೆಯುವ ಅಪ್ಪಂದಿರ ಮಂಡಿ ನೋವು ಅವರ ಮುಖದಲ್ಲೇ ಕಾಣುತ್ತದೆ. 2025ರ ಮೇ ಕೊನೆಯಲ್ಲಿ ಅಮೆರಿಕ ವಿದ್ಯಾರ್ಥಿ ವೀಸಾದ ಸಂದರ್ಶನಕ್ಕೆ ಹೊಸ ದಿನಾಂಕ ಕೊಡುವುದನ್ನು ಮೂರು ವಾರ ನಿಲ್ಲಿಸಿದಾಗ ಇಂಥ ಮನೆಗಳಲ್ಲಿ ನಿದ್ದೆ ಕೆಟ್ಟಿತು. ಫೀಸು ಕಟ್ಟಿ ಆಗಿತ್ತು, ದಿನಾಂಕ ಸಿಗುತ್ತಿರಲಿಲ್ಲ. ಇನ್ನೊಂದು ದಾರಿಯನ್ನು, ಮುಂದಿನ ಸೆಮಿಸ್ಟರಿಗೆ ಮುಂದೂಡುವುದನ್ನೋ ಇಲ್ಲೇ ಸೇರುವುದನ್ನೋ, ಮೊದಲೇ ಮಾತಾಡಿಕೊಂಡ ಮನೆಗಳು ಆ ಮೂರು ವಾರವನ್ನು ಹೇಗೋ ದಾಟಿದವು.

ಅಡುಗೆಮನೆಯ ಕೆಲಸ ಕೊನೆಯ ತಿಂಗಳಿನದು. ಗೋಂಗೂರ, ಆವಕಾಯ, ಜೊತೆಗೆ ಊರಿಂದ ಬಂದ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಖಡಕ್ ರೊಟ್ಟಿ. ಬೇಗಂ ಬಜಾರಿನಿಂದ ಮೂರು ಲೀಟರಿನ ಕುಕ್ಕರು, ಅದಕ್ಕೆ ಎರಡು ಹೆಚ್ಚಿನ ರಬ್ಬರು. ತೂಗುತಕ್ಕಡಿಗೆ ಸೂಟ್‌ಕೇಸು ಸಿಕ್ಕಿಸಿ 23 ಕಿಲೋ ದಾಟಿತೆಂದು ರೊಟ್ಟಿ ಹೊರಗೆ, ಸ್ವೆಟರು ಒಳಗೆ, ಮತ್ತೆ ರೊಟ್ಟಿ ಒಳಗೆ. ಆದರೆ ಅದಕ್ಕೆ ಎರಡು ತಿಂಗಳು ಮೊದಲೇ ಆಗಬೇಕಾದದ್ದು ಲಸಿಕೆ. ದಡಾರ, ಮಂಗನಬಾವಿನ ಎಂ.ಎಂ.ಆರ್. ಎರಡು ಡೋಸಿನ ನಡುವೆ 28 ದಿನ ಬೇಕು, ಮಗು ಕೈಗೂಸಾಗಿದ್ದಾಗಿನ ಲಸಿಕೆ ಕಾರ್ಡು ಹೆಚ್ಚಿನ ಮನೆಗಳಲ್ಲಿ ಕಳೆದುಹೋಗಿರುತ್ತದೆ. ಹಲ್ಲು ತೋರಿಸುವುದು, ಎರಡನೇ ಜೊತೆ ಕನ್ನಡಕ ಮಾಡಿಸುವುದು ಇಲ್ಲೇ ಮುಗಿಸಬೇಕು. ಅಲ್ಲಿ ಅವೆರಡೂ ಬಲು ದುಬಾರಿ.

ಇನ್ನೊಂದು ಸಂಗತಿ ಅಪ್ಪ ಅಮ್ಮಂದಿರನ್ನು ಬೆಚ್ಚಿಬೀಳಿಸುತ್ತದೆ. ಹೈದರಾಬಾದಿನ ಇಂಟರ್‌ಮೀಡಿಯೆಟ್ ಕಾಲೇಜುಗಳು ಮಕ್ಕಳ ಟೆಸ್ಟಿನ ಅಂಕ, ಗೈರುಹಾಜರಿ ಎಲ್ಲವನ್ನೂ ಅಪ್ಪನ ಮೊಬೈಲಿಗೆ ಕಳಿಸಿ ರೂಢಿ. ಅಮೆರಿಕದಲ್ಲಿ 1974ರ ಫರ್ಪಾ ಎಂಬ ಕಾಯ್ದೆಯ ಪ್ರಕಾರ, ಫೀಸು ಪೂರ್ತಿ ಅಪ್ಪನೇ ಕಟ್ಟಿದ್ದರೂ, ವಿದ್ಯಾರ್ಥಿ ಬರೆದು ಒಪ್ಪದೆ ವಿಶ್ವವಿದ್ಯಾಲಯ ಸಾಮಾನ್ಯವಾಗಿ ಅಂಕ ಹೇಳುವುದಿಲ್ಲ. ಮಗಳು ಒಂದು ವಿಷಯದಲ್ಲಿ ಸೋತರೆ ಅದು ತಿಳಿಯುವುದು ಅವಳು ಹೇಳಿದರೆ ಮಾತ್ರ. ಹೇಳುವ ಧೈರ್ಯ ಅವಳಿಗೆ ಬರಬೇಕಾದರೆ ಇಲ್ಲಿರುವಾಗಲೇ ಒಮ್ಮೆಯಾದರೂ ಸೋಲಿನ ಸುದ್ದಿ ಕೇಳಿ ಅಪ್ಪ ಸಮಾಧಾನದಿಂದ ಕೂತಿರಬೇಕು. ಅರ್ಜಿ ತುಂಬುವುದು, ಬಾಡಿಗೆ ಮನೆಯ ಕರಾರು ಓದುವುದು, ವಿಮೆಯಲ್ಲಿ ಏನು ಸೇರಿದೆ ಎಂದು ನೋಡುವುದು, ಇವನ್ನೂ ಅವಳಿಗೇ ಬಿಡಬೇಕು. ತಡವಾದರೂ ಸರಿ, ಪಕ್ಕದಲ್ಲಿ ಕೂತಿರಿ, ಮೌಸು ಮುಟ್ಟಬೇಡಿ.

ಶಂಷಾಬಾದ್ ವಿಮಾನ ನಿಲ್ದಾಣದಲ್ಲಿ ರಾತ್ರಿ ಎರಡಕ್ಕೂ ಜಾತ್ರೆಯ ಜನ. ಟಿಕೆಟಿಲ್ಲದವರು ಬಾಗಿಲ ಹೊರಗೇ. ಒಬ್ಬ ಹುಡುಗ ಬಾಗಿಲಿಗೆ ಹೋಗುವ ಮೊದಲು ಅಪ್ಪನ ಬಿ.ಪಿ. ಮಾತ್ರೆಯ ಹೆಸರು, ಡಾಕ್ಟರ ನಂಬರು ಫೋನಿನಲ್ಲಿ ಬರೆದುಕೊಳ್ಳುತ್ತಿದ್ದ. ಅಮ್ಮ ಅವನ ಇಬ್ಬರು ರೂಮ್‌ಮೇಟುಗಳ ನಂಬರು ಸಣ್ಣ ಪುಸ್ತಕದಲ್ಲಿ ಗುರುತು ಹಾಕಿಕೊಂಡರು.

"ಆರಾಮಿಲ್ಲಂದ್ರ ಆರಾಮಿಲ್ಲ ಅಂತ್ಲೇ ಹೇಳು. ಮುಚ್ಚಿಡಬ್ಯಾಡ," ಎಂದರು.

"ನೀವೂ ಹಂಗೇ ಹೇಳ್ಬೇಕು ಮತ್ತ," ಎಂದ ಮಗ.

ಅಪ್ಪ ಸ್ವಲ್ಪ ಹೊತ್ತು ಯೋಚಿಸಿದರು. "ಸೋಮವಾರ ದವಾಖಾನಿಗಿ ಹೋಗ್ತೀನಿ. ರಿಪೋರ್ಟ್ ಏನ್ ಬಂದ್ರೂ ಕಳಸ್ತೀನಿ ನಿನಗ."