ಕತ್ತಲನ್ನು ಕಾಯುವ ದೀಪ

ಬಾದಾಮಿಯ ಮೂರನೆಯ ಗುಹೆಯನ್ನು ನೋಡಿಬಂದವರಿಗೆಲ್ಲ ಈ ಅನುಭವ ಆಗಿಯೇ ಇರುತ್ತದೆ. ಬೇಸಗೆಯ ಮಧ್ಯಾಹ್ನ ಕೆಂಗಲ್ಲಿನ ಮೆಟ್ಟಿಲುಗಳನ್ನೇರಿ, ಬಿಸಿಲಿನಿಂದ ನೇರವಾಗಿ ಒಳಮಂಟಪಕ್ಕೆ ಕಾಲಿಟ್ಟರೆ ಮೊದಲು ಕಾಣುವುದು ಕತ್ತಲೆಯೊಂದೇ. ನಾಲ್ಕಾರು ನಿಮಿಷ ಸುಮ್ಮನೆ ನಿಂತರೆ ಕಂಬದ ಅಂಚು ಮೂಡುತ್ತದೆ, ಆಮೇಲೆ ಗೋಡೆ, ಇನ್ನೂ ಸ್ವಲ್ಪ ಹೊತ್ತಿಗೆ ತಲೆಯ ಮೇಲಿನ ಕೆತ್ತನೆ. ಮಂಗಲೇಶನ ಕ್ರಿ.ಶ. 578ರ ಶಾಸನವಿರುವ ಆ ಗುಹೆಯಲ್ಲಿ ಅಷ್ಟು ಹೊತ್ತಿನೊಳಗೆ ಏನೂ ಬದಲಾಗಿರುವುದಿಲ್ಲ. ಬದಲಾದದ್ದು ನಮ್ಮ ಕಣ್ಣು. ಆಗಲೇ ಪಕ್ಕದವರಾರೋ ಟಾರ್ಚು ಹಾಕಿದರೆನ್ನಿ: ಬೆಳಕು ಬಿದ್ದ ಅಂಗೈಯಗಲ ಜಾಗ ಹೊಳೆಯುತ್ತದೆ, ಉಳಿದ ಗುಹೆ ಮತ್ತೆ ಮಾಯವಾಗುತ್ತದೆ.

ಹಳೆಯ ಸಣ್ಣ ವಿಮಾನಗಳ ಉಪಕರಣ ಫಲಕದ ದೀಪಗಳ ರಿಪೇರಿಯನ್ನು ಕುರಿತು ಮಾತನಾಡಬೇಕಾದ ನಾನು ಬಾದಾಮಿಯಿಂದ ಹೊರಟದ್ದು ಸುಮ್ಮನೆ ಅಲ್ಲ. ಆ ದೀಪದ ಸಮಸ್ಯೆಯೆಲ್ಲ ಇರುವುದು ಆ ಟಾರ್ಚಿನಲ್ಲಿಯೇ. ರಾತ್ರಿ ಹುನಗುಂದದಿಂದ ಇಳಕಲ್ಲಿಗೆ ಲಾರಿಯಲ್ಲಿ ಹೋಗುವಾಗ ಒಳಗಿನ ದೀಪ ಹಾಕಿದರೆ ಚಾಲಕ ಗದರುತ್ತಾನೆ. ಅವನು ಕಣ್ಣಿನ ಶಾಸ್ತ್ರ ಓದಿದವನಲ್ಲ, ಆದರೆ ಒಳಗಿನ ಬೆಳಕು ಹೊರಗಿನ ದಾರಿಯನ್ನು ಅಳಿಸುತ್ತದೆಂಬುದನ್ನು ಬಲ್ಲ. ಕಣ್ಣಿನ ಒಳಪರದೆಯಲ್ಲಿ ಮಂದ ಬೆಳಕಿಗೆಂದೇ ಇರುವ ಕೋಲಿನಾಕಾರದ ಕೋಶಗಳು ಪೂರ್ತಿಯಾಗಿ ಎಚ್ಚರಗೊಳ್ಳಲು ಸುಮಾರು ಅರ್ಧ ಗಂಟೆ ಬೇಕು. ಆ ಎಚ್ಚರವನ್ನು ಕೆಡಿಸಲು ಪ್ರಖರವಾದ ಬಿಳಿಯ ಬೆಳಕು ಕೆಲವು ಕ್ಷಣ ಬಿದ್ದರೆ ಸಾಕು.

ಲಾರಿಗೆ ಕಾಲ ಕೆಳಗೆ ರಸ್ತೆಯಾದರೂ ಉಂಟು. ಅಮಾವಾಸ್ಯೆಯ ರಾತ್ರಿ ಬಾಗಲಕೋಟೆಯ ಮೇಲೆ ಒಂದು ಸಣ್ಣ ವಿಮಾನ ಹಾರುತ್ತಿದೆಯೆಂದು ಊಹಿಸಿಕೊಳ್ಳಿ. ಒಂದು ಕಡೆ ನವನಗರದ ದೀಪಗಳ ಸಾಲು. ಇನ್ನೊಂದು ಕಡೆ, ಹಳೆಯ ಊರಿನ ಭಾಗವನ್ನು ನುಂಗಿ ನಿಂತ ಆಲಮಟ್ಟಿಯ ಹಿನ್ನೀರಿನ ಕಪ್ಪು. ಆ ಕಪ್ಪಿನ ಕಡೆಗೆ ತಿರುಗಿದರೆ ನೆಲ ಎಲ್ಲಿ ಮುಗಿಯಿತು, ಆಕಾಶ ಎಲ್ಲಿ ಮೊದಲಾಯಿತು ಎಂಬುದು ತಿಳಿಯದು. ವಿಮಾನ ಓರೆಯಾಗಿದೆಯೋ ನೇರವಾಗಿದೆಯೋ ಎಂದು ಹೇಳಲು ಮೈಯ ಅರಿವು ಸಾಲದು. ಅದು ಸುಳ್ಳನ್ನೂ ಹೇಳುತ್ತದೆ. ಎತ್ತರ, ವೇಗ, ವಾಲು ಇವನ್ನು ತೋರುವ ಮುಳ್ಳುಗಳನ್ನೇ ನಂಬಬೇಕು. ಹೀಗೆ ಚಾಲಕನಿಗೆ ಎರಡು ದೃಷ್ಟಿ ಬೇಕು: ಒಳಗಿನ ಮುಳ್ಳು ಕಾಣಬೇಕು, ಹೊರಗಿನ ಮಿಣುಕು ದೀಪವೂ ಕಾಣಬೇಕು. ಒಂದಕ್ಕೆ ಬೆಳಕು ಬೇಕು, ಇನ್ನೊಂದಕ್ಕೆ ಕತ್ತಲು.

ನಮ್ಮ ನಾಡಿನಲ್ಲಿ ಹಾರಾಟ ಕಲಿಸಿದ ವಿಮಾನಗಳಲ್ಲಿ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯ ಪುಷ್ಪಕವನ್ನು ಮೊದಲು ನೆನೆಯಬೇಕು. 1958ರಲ್ಲಿ ಮೊದಲ ಬಾರಿಗೆ ಹಾರಿದ ಈ ಎರಡು ಸೀಟಿನ, ಬಟ್ಟೆ ಹೊದಿಸಿದ ವಿಮಾನ ಹಗಲಿನ ಪಾಠಕ್ಕೆ ಹೇಳಿಮಾಡಿಸಿದ್ದು. ಜಕ್ಕೂರಿನ ಸರ್ಕಾರಿ ಹಾರಾಟ ತರಬೇತಿ ಶಾಲೆಯಂಥ ಕಡೆಗಳಿಗೆ ಆಮೇಲೆ ಅಮೆರಿಕದ ಸೆಸ್ನಾ 152, 172ಗಳು ಬಂದವು. 152ರ ತಯಾರಿಕೆ 1985ರಲ್ಲಿಯೇ ನಿಂತಿತು. ಆದರೂ ಹಾರುವ ಹಳೆಯವು ಜಗತ್ತಿನಲ್ಲಿ ಇನ್ನೂ ಬಹಳ. ವಾಣಿಜ್ಯ ಚಾಲಕನ ಪರವಾನಗಿಗೆ ನಮ್ಮಲ್ಲಿ ಕನಿಷ್ಠ 5 ಗಂಟೆಗಳ ರಾತ್ರಿ ಹಾರಾಟವೂ 10 ಏರಿಕೆ, 10 ಇಳಿಕೆಗಳೂ ಬೇಕು. ಇಪ್ಪತ್ತು ವರ್ಷದ ಹುಡುಗನೋ ಹುಡುಗಿಯೋ ತನಗಿಂತ ಹಿರಿದಾದ ವಿಮಾನದಲ್ಲಿ, ರಾತ್ರಿಯಲ್ಲಿ, ಕೆಲವೇ ಪುಟ್ಟ ಬಲ್ಬುಗಳ ಭರವಸೆಯ ಮೇಲೆ ಕುಳಿತಿರುವ ಚಿತ್ರ ಇದು.

ಮೊದಮೊದಲು ಬಲ್ಬೇ ಇರಲಿಲ್ಲ. ಟೈಗರ್ ಮಾತ್ ಕಾಲದ ಉಪಕರಣಗಳ ಅಂಕಿಗಳಿಗೆ ರೇಡಿಯಮ್ ಬೆರೆಸಿದ ಬಣ್ಣ ಬಳಿಯುತ್ತಿದ್ದರು. ಅದು ವಿದ್ಯುತ್ತಿಲ್ಲದೆ ತಾನೇ ಹೊಳೆಯುತ್ತಿತ್ತು. ಆ ಬಣ್ಣವನ್ನು ಕುಂಚದ ತುದಿ ತುಟಿಯಲ್ಲಿ ಚೂಪು ಮಾಡಿಕೊಂಡು ಬಳಿದ ಅಮೆರಿಕದ ನ್ಯೂಜೆರ್ಸಿಯ ಹೆಣ್ಣುಮಕ್ಕಳು 1920ರ ದಶಕದಲ್ಲಿ ದವಡೆ ಕೊಳೆತು ಸತ್ತ ಕಥೆಯನ್ನು ಕೇಳುಗರಲ್ಲಿ ಕೆಲವರು ಓದಿರಬಹುದು. ಇಂದು ಅಂಥ ಉಪಕರಣವನ್ನು ಕತ್ತಲಲ್ಲಿ ಹಿಡಿದರೆ ಹೊಳೆಯುವುದಿಲ್ಲ. ಆದ್ದರಿಂದ ವಿಷ ತೀರಿತೆಂದು ತಿಳಿಯಬಾರದು. ಹೊಳಪು ಕೊಡುತ್ತಿದ್ದ ಸತುವಿನ ಸಲ್ಫೈಡು ಮಾತ್ರ ಸವೆದಿದೆ. ರೇಡಿಯಮ್ ಅರ್ಧಕ್ಕಿಳಿಯಲು 1600 ವರ್ಷ ಬೇಕು. ಬಾದಾಮಿಯ ಆ ಶಾಸನದ ದಿನ ಬಳಿದಿದ್ದರೂ ಇಂದಿಗೆ ಅರ್ಧದಷ್ಟು ಉಳಿದಿರುತ್ತಿತ್ತು. ಅಂಥ ಉಪಕರಣದ ಗಾಜನ್ನು ತೆರೆದು ಕೆರೆಯುವುದು, ಧೂಳು ಊದುವುದು ಕೂಡದು.

ಆಮೇಲೆ ಬಂದದ್ದು ಕೆಂಪು ದೀಪ. ಕೋಲಿನಾಕಾರದ ಕೋಶಗಳಿಗೆ ಕೆಂಪು ಬಹುಮಟ್ಟಿಗೆ ಕಾಣುವುದೇ ಇಲ್ಲ. ಆದ್ದರಿಂದ ಅವುಗಳ ಎಚ್ಚರ ಕೆಡುವುದಿಲ್ಲ. ಇದನ್ನು ಇಳಕಲ್ಲ ಸೀರೆಯ ಮೇಲೆ ಯಾರಾದರೂ ಪರೀಕ್ಷಿಸಬಹುದು. ಮುಚ್ಚಂಜೆಯಲ್ಲಿ ದೀಪ ಹಾಕದೆ ಕುಳಿತು ನೋಡಿ: ಕೆಂಪು ಸೆರಗು ಮೊದಲು ಕಪ್ಪಾಗುತ್ತದೆ, ಒಡಲಿನ ನೀಲಿಯೋ ಹಸುರೋ ಇನ್ನೂ ತಿಳಿಯಾಗಿ ಉಳಿದಿರುತ್ತದೆ. ಬೊಹೀಮಿಯದ ವಿಜ್ಞಾನಿ ಪುರ್ಕಿನ್ಯೆ ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಹೂಗಳನ್ನು ನೋಡಿ ಕಂಡುಕೊಂಡ ಸಂಗತಿ ಇದು. ನಮ್ಮ ನೇಕಾರರ ಮನೆಗಳಲ್ಲಿ ದಿನವೂ ಸಂಜೆ ನಡೆಯುತ್ತಲೇ ಇತ್ತು. ಅದೇ ಸೆರಗನ್ನು ಕೆಂಪು ಬಲ್ಬಿನ ಕೆಳಗೆ ಹಿಡಿಯಿರಿ: ಕೆಂಪೂ ಬಿಳಿಯೂ ಒಂದಾಗಿ ತೋಪಿನ ಚಿತ್ತಾರವೇ ಮಸುಕಾಗುತ್ತದೆ. ಕೆಂಪು ದೀಪದ ದೋಷವೂ ಇದೇ. ನಕ್ಷೆಯಲ್ಲಿ ಕೆಂಪು ಶಾಯಿಯಿಂದ ಗುರುತಿಸಿದ್ದು ಚಾಲಕನ ಕಣ್ಣಿಗೆ ಅಳಿಸಿಹೋಗುತ್ತದೆ. ಅದಕ್ಕಾಗಿಯೇ ಬಹಳ ಮಂದವಾದ ಬಿಳಿಯ ಬೆಳಕಿಗೆ ಮರಳಿದವರು ಅನೇಕರು.

ಇನ್ನು ರಿಪೇರಿಯ ಮಾತು. ಹಳೆಯ ಸೆಸ್ನಾದಲ್ಲಿ ತಲೆಯ ಮೇಲಿಂದ ಫಲಕದ ಮೇಲೆ ಬೆಳಕು ಚೆಲ್ಲುವ ಒಂದು ದೀಪ, ದಿಕ್ಸೂಚಿಗೆ ಒಂದು, ಕೆಲವದರಲ್ಲಿ ಒಂದೊಂದು ಉಪಕರಣದ ಪಕ್ಕದಲ್ಲಿ ಗೂಟದಂತೆ ನಿಂತ ಪುಟ್ಟ ಮುಸುಕು ದೀಪ. ದೀಪ ಮಂಕಾಯಿತೆಂದರೆ ನಾವು ಬಲ್ಬನ್ನು ದೂರುತ್ತೇವೆ. ಅನೇಕ ವೇಳೆ ತಪ್ಪು ಬಲ್ಬಿನದಲ್ಲ. ವಿದ್ಯುತ್ತು ಮರಳಿ ಹೋಗುವ ದಾರಿ ವಿಮಾನದ ಲೋಹದ ಮೈಯೇ. ಆ ಕೂಡುಜಾಗದಲ್ಲಿ ಕಿಲುಬು ಹಿಡಿದರೆ ಬಲ್ಬಿಗೆ ಸೇರುವ ವೋಲ್ಟೇಜು ಇಳಿಯುತ್ತದೆ. ನೂರಕ್ಕೆ ಹತ್ತು ಇಳಿದರೆ ತಂತುವಿನ ಬೆಳಕು ನೂರಕ್ಕೆ ಸುಮಾರು ಮೂವತ್ತು ಇಳಿಯುತ್ತದೆ. ಆದ್ದರಿಂದ ಒಳ್ಳೆಯ ಕೆಲಸಗಾರ ಬಲ್ಬನ್ನು ಕೀಳುವ ಮೊದಲು ಮೀಟರು ಹಿಡಿಯುತ್ತಾನೆ. ವಿಮಾನ 14 ವೋಲ್ಟಿನದೋ 28ರದೋ ಎಂಬುದನ್ನೂ ನೋಡುತ್ತಾನೆ. 28ರಲ್ಲಿ 14ರ ಬಲ್ಬು ಒಮ್ಮೆ ಮಿಂಚಿ ಸಾಯುತ್ತದೆ.

ಬೆಳಕನ್ನು ಏರಿಳಿಸುವ ಗುಂಡಿಯ ಹಿಂದೆ ಹಲವು ವಿಮಾನಗಳಲ್ಲಿ ಒಂದು ಟ್ರಾನ್ಸಿಸ್ಟರ್ ಇರುತ್ತದೆ. ಬಲ್ಬು ಬದಲಿಸುವಾಗ ಸ್ವಿಚ್ಚು ಆರಿಸದೆ, ತಂತಿಯ ತುದಿ ಲೋಹಕ್ಕೆ ತಾಗಿತೆಂದರೆ ಟ್ರಾನ್ಸಿಸ್ಟರ್ ಸುಡುವುದುಂಟು. ಒಂದು ಬಲ್ಬಿನ ಕೆಲಸಕ್ಕೆ ಇಡೀ ಫಲಕ ಕತ್ತಲಾಗುತ್ತದೆ. ಈಗ ಅಗ್ಗವಾಗಿ ಸಿಗುವ ಎಲ್‌ಇಡಿಯನ್ನು ಹಳೆಯ ಗೂಡಿಗೆ ಸಿಕ್ಕಿಸುವ ಆಸೆಯೂ ಹಾಗೆಯೇ ಅಪಾಯದ್ದು. ಅದು ಎಳೆಯುವ ವಿದ್ಯುತ್ತು ತೀರ ಕಡಿಮೆ. ಹಳೆಯ ಗುಂಡಿ ಅದನ್ನು ನಯವಾಗಿ ತಗ್ಗಿಸಲಾರದೆ, ತಿರುಗಿಸುತ್ತ ಹೋದಂತೆ ಉರಿಯುತ್ತಲೇ ಇದ್ದು ಥಟ್ಟನೆ ಆರಿಬಿಡಬಹುದು. ಜೊತೆಗೆ ಬಿಳಿಯ ಎಲ್‌ಇಡಿಯಲ್ಲಿ ನೀಲಿಯ ಪಾಲು ಹೆಚ್ಚು; ಕಾಪಾಡಬೇಕಾದ ಕೋಶಗಳಿಗೆ ಹೆಚ್ಚು ನಾಟುವುದು ಆ ಕಡೆಯ ಬಣ್ಣವೇ. ಪರವಾನಗಿ ಪಡೆದ ಎಂಜಿನಿಯರು ಒಪ್ಪಿ, ದಾಖಲೆ ಪುಸ್ತಕದಲ್ಲಿ ಬರೆದು ಸಹಿ ಮಾಡದೆ ವಿಮಾನದಲ್ಲಿ ಒಂದು ಬಲ್ಬಿನ ಜಾತಿಯನ್ನೂ ಬದಲಿಸಬಾರದೆಂಬ ಕಟ್ಟುನಿಟ್ಟು ನಮಗೆ ಅತಿಯೆನಿಸಬಹುದು. ನನಗೆ ಹಾಗೆ ಅನಿಸುವುದಿಲ್ಲ.

ಹಗಲಲ್ಲಿ ಮಾಡಿದ ಈ ರಿಪೇರಿಯನ್ನು ಹಗಲಲ್ಲಿ ಒಪ್ಪಿಕೊಳ್ಳುವಂತಿಲ್ಲ. ಕತ್ತಲಾದ ಮೇಲೆ ವಿಮಾನವನ್ನು ಹೊರಗೆ ತಂದು, ಒಳಗೆ ಕುಳಿತು, ಅರ್ಧ ಗಂಟೆ ಏನೂ ಮಾಡದೆ ಕಾಯಬೇಕು. ಆಮೇಲೆ ದೀಪ ಹಾಕಿ, ಅಂಕಿಗಳು ಕಷ್ಟವಿಲ್ಲದೆ ಕಾಣುವಷ್ಟಕ್ಕೆ ಮಾತ್ರ ಉಳಿಸಿ ತಗ್ಗಿಸಿ, ಎದುರಿನ ಗಾಜಿನಲ್ಲಿ ಯಾವುದಾದರೂ ಬಲ್ಬಿನ ಪ್ರತಿಬಿಂಬ ತೇಲುತ್ತಿದೆಯೇ ಎಂದು ನೋಡಬೇಕು. ತೇಲುತ್ತಿದ್ದರೆ ಆ ದೀಪದ ಮುಸುಕನ್ನು ತುಸು ತಿರುಗಿಸಿ ಮತ್ತೆ ನೋಡಬೇಕು.