ಅರವತ್ತು ದಾಟಿದ ಮೈಗೂ ಒಂದು ಸೋಮವಾರ

ಗಂಗಾವತಿ ಸೀಮೆಯ ಸಾಣಾಪುರದ ಸುತ್ತಮುತ್ತ, ಉತ್ತರ ಕರ್ನಾಟಕದ ಇತರ ಹಳ್ಳಿಗಳಲ್ಲಿರುವಂತೆಯೇ, ಸೋಮವಾರ ಎತ್ತುಗಳ ಹೆಗಲ ಮೇಲೆ ನೊಗ ಇಡಬಾರದೆಂಬ ಕಟ್ಟಳೆ ಉಂಟು. ಅದು ಬಸವಣ್ಣನ ವಾರ. ಬಿತ್ತನೆಯ ಹದ ಕೈತಪ್ಪುವ ಭಯವಿದ್ದರೂ, ಪಕ್ಕದ ಹೊಲದವನು ಟ್ರ್ಯಾಕ್ಟರ್ ಹೊಡೆದು ಕೆಲಸ ಮುಗಿಸಿದ್ದರೂ ಹಳೆಯ ಕಾಲದ ರೈತ ಅಂದು ಎತ್ತುಗಳ ಮೈತೊಳೆದು, ಮೇವು ಹಾಕಿ ಸುಮ್ಮನಿರುತ್ತಾನೆ. ಇದನ್ನು ಬರಿಯ ಭಕ್ತಿಯೆಂದರೆ ಅರ್ಧ ಹೇಳಿದಂತಾಗುತ್ತದೆ. ದುಡಿಯುವ ಜೀವಕ್ಕೆ ಬಿಡುವು ಕೊಡದಿದ್ದರೆ ಅದರ ಆಯುಷ್ಯವೂ ಸಂತೆಯಲ್ಲಿನ ಬೆಲೆಯೂ ಇಳಿಯುತ್ತವೆ ಎಂಬ ಲೆಕ್ಕ ಅದರೊಳಗೆ ಅಡಗಿದೆ.

ಎತ್ತಿನ ವಿಷಯದಲ್ಲಿ ತಿಳಿದಿರುವ ಈ ಲೆಕ್ಕ ನಮ್ಮದೇ ಮೈಯ ವಿಷಯಕ್ಕೆ ಬಂದಾಗ ಮರೆತುಹೋಗುತ್ತದೆ. ಬೆಂಗಳೂರಿನ ಬಡಾವಣೆಗಳಲ್ಲಿ ಮಾತ್ರವಲ್ಲ, ಗಂಗಾವತಿ, ಕೊಪ್ಪಳದಂತಹ ಊರುಗಳಲ್ಲಿಯೂ ಈಗ ನಿವೃತ್ತರು ಜಿಮ್ ಮೆಟ್ಟಿಲು ಹತ್ತುತ್ತಿದ್ದಾರೆ. ಸಂತೋಷದ ಸಂಗತಿಯೇ. ಆದರೆ ಅಲ್ಲಿ ಅವರ ಕೈಗೆ ಸಿಗುವ ವೇಳಾಪಟ್ಟಿ ಬಹುಮಟ್ಟಿಗೆ ಇಪ್ಪತ್ತೈದರ ಹುಡುಗನದು: ಸೋಮವಾರ ಎದೆ, ಮಂಗಳವಾರ ಬೆನ್ನು, ಬುಧವಾರ ಕಾಲು, ಹೀಗೆ ಶನಿವಾರದವರೆಗೆ. ಭಾನುವಾರದ ವಿಶ್ರಾಂತಿಯೂ ಜಿಮ್ ಬಾಗಿಲು ಹಾಕಿರುವುದರಿಂದ ದೊರೆತದ್ದು.

ನನ್ನೊಡನೆ ಸೇವೆಯಲ್ಲಿದ್ದ ಮಿತ್ರರೊಬ್ಬರು ಅರವತ್ತನಾಲ್ಕನೆಯ ವಯಸ್ಸಿನಲ್ಲಿ ಹೀಗೆ ವಾರಕ್ಕೆ ಆರು ದಿನ ಭಾರ ಎತ್ತಿದರು. ಕಚೇರಿಗೇ ರಜೆ ಹಾಕದ ಮನುಷ್ಯ ಜಿಮ್‌ಗೆ ಹಾಕಿಯಾರೆ? ಭುಜ ನೋಯತೊಡಗಿದಾಗ, ನೋವಿದ್ದರೇ ಮೈ ಗಟ್ಟಿಯಾಗುವುದೆಂದು ತರಬೇತುದಾರ ಹುರಿದುಂಬಿಸಿದನಂತೆ. ಐದನೆಯ ತಿಂಗಳಿಗೆ ಭುಜದ ಸ್ನಾಯುರಜ್ಜು ಹರಿಯಿತು. ಈಗ ಅಂಗಿ ತೊಡಲು ಮಗನ ನೆರವು ಬೇಕು. 'ವಯಸ್ಸಾದವರಿಗೆ ಅದೆಲ್ಲ ಸಲ್ಲದು ಬಿಡಿ' ಎಂದು ಅವರೀಗ ಎಲ್ಲರಿಗೂ ಹೇಳುತ್ತಾರೆ. ನಟ ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು 46ನೆಯ ವಯಸ್ಸಿನಲ್ಲಿಯೇ ತೀರಿಕೊಂಡಾಗಲೂ ಇದೇ ಮಾತು ಮನೆಮನೆಗಳಲ್ಲಿ ಕೇಳಿಬಂದಿತ್ತು. ಒಂದು ಸಾವಿನಿಂದ ಇಡೀ ವ್ಯಾಯಾಮವನ್ನೇ ದೂರಲು ಆಧಾರವೇನೂ ಇರಲಿಲ್ಲ. ಮಿತ್ರರ ಮೊದಲಿನ ಅತಿಗಿಂತ ಈ ಎರಡನೆಯ ತೀರ್ಮಾನವೇ ನನ್ನನ್ನು ಹೆಚ್ಚು ಚಿಂತೆಗೀಡುಮಾಡಿದೆ.

ಏಕೆಂದರೆ ಕಳೆದುಕೊಳ್ಳಲು ನಮ್ಮ ಬಳಿ ಹೆಚ್ಚು ಬಂಡವಾಳ ಉಳಿದಿಲ್ಲ. ಮೂವತ್ತರ ನಂತರ ದಶಕಕ್ಕೆ ಶೇಕಡ 3ರಿಂದ 8ರಷ್ಟು ಸ್ನಾಯು ಕರಗುತ್ತದೆ, ಅರವತ್ತರ ನಂತರ ಈ ವೇಗ ಹೆಚ್ಚುತ್ತದೆ ಎಂಬುದು ವೈದ್ಯರ ಸಾಮಾನ್ಯ ಅಂದಾಜು. ಅರ್ಥಶಾಸ್ತ್ರದಲ್ಲಿ ಇದನ್ನೇ ಸವಕಳಿ ಎನ್ನುತ್ತೇವೆ. 2007ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದರಲ್ಲಿ, ಸರಾಸರಿ 67 ವರ್ಷದ ಆರೋಗ್ಯವಂತರನ್ನು ಹತ್ತು ದಿನ ಹಾಸಿಗೆಯಲ್ಲೇ ಇರಿಸಿದಾಗ ಕಾಲುಗಳಿಂದಲೇ ಸುಮಾರು ಒಂದು ಕಿಲೋ ಸ್ನಾಯು ಕರಗಿಹೋಯಿತು. ಅದೇ ಪತ್ರಿಕೆ 1990ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ತೊಂಬತ್ತರ ಆಸುಪಾಸಿನ, ಶುಶ್ರೂಷಾಲಯವಾಸಿಗಳಾದ ಕೆಲವರು ಎಂಟು ವಾರ ಕಾಲಿನಿಂದ ಭಾರ ಎತ್ತಿದರು. ಅವರ ಶಕ್ತಿ ಸರಾಸರಿ ಶೇಕಡ 174ರಷ್ಟು ಏರಿತು. ಅವರು ಭಾರ ಎತ್ತಿದ್ದು ವಾರಕ್ಕೆ ಮೂರೇ ದಿನ ಎಂಬುದನ್ನು ಓದುಗರು ಗಮನಿಸಬೇಕು.

ಉಳಿದ ದಿನಗಳಲ್ಲಿ ಮೈಯೊಳಗೆ ನಡೆಯುವುದೇನು? ಸಾಣಾಪುರಕ್ಕೆ ಸಮೀಪದ ಅಂಜನಾದ್ರಿ ಬೆಟ್ಟದ 575 ಮೆಟ್ಟಿಲುಗಳನ್ನು ಹತ್ತಿ ಇಳಿದವರಿಗೆ ಇದರ ಅನುಭವ ಇದ್ದೇ ಇರುತ್ತದೆ. ಹತ್ತುವಾಗ ಏದುಸಿರು ಬರುತ್ತದೆ. ತೊಡೆ ಹಿಡಿದುಕೊಳ್ಳುವುದು ಮಾತ್ರ ಮರುದಿನ, ಕೆಲವೊಮ್ಮೆ ಮೂರನೆಯ ದಿನ. ಅದಕ್ಕೆ ಮುಖ್ಯ ಕಾರಣ ಇಳಿದದ್ದು. ಇಳಿಯುವಾಗ ತೊಡೆಯ ಸ್ನಾಯು ಹಿಗ್ಗುತ್ತಲೇ ಮೈಭಾರವನ್ನು ತಡೆಯಬೇಕಾಗುತ್ತದೆ, ಅದರ ಎಳೆಗಳಲ್ಲಿ ಸೂಕ್ಷ್ಮ ಗಾಯಗಳಾಗುತ್ತವೆ. ಶರೀರ ಅವನ್ನು ದುರಸ್ತಿ ಮಾಡುವಾಗ ಮೊದಲಿಗಿಂತ ತುಸು ಗಟ್ಟಿಯಾಗಿ ಕಟ್ಟುತ್ತದೆ. ದುರಸ್ತಿ ಮುಗಿಯುವ ಮುನ್ನವೇ ಮತ್ತೆ ಭಾರ ಹೇರಿದರೆ ಲಾಭದ ಬದಲು ನಷ್ಟ ಕೂಡುತ್ತಾ ಹೋಗುತ್ತದೆ. ಒಂದೇ ಸ್ನಾಯುವಿಗೆ ಎರಡು ಸಲ ಭಾರ ಕೊಡುವ ನಡುವೆ 48 ಗಂಟೆಗಳ ಅಂತರ ಇರಲಿ ಎಂಬ ತಜ್ಞರ ಸಲಹೆಯ ಹಿನ್ನೆಲೆ ಇದೇ. ವಯಸ್ಸಾದಂತೆ ಆಹಾರದ ಪ್ರೋಟೀನನ್ನು ಸ್ನಾಯುವಾಗಿ ಮಾರ್ಪಡಿಸುವ ಶಕ್ತಿ ಕುಂದುತ್ತದೆ. ಗಾಢನಿದ್ರೆಯ ಪಾಲೂ ಇಳಿಯುತ್ತದೆ. ರಕ್ತಸಂಚಾರ ಕಡಿಮೆ ಇರುವ ಸ್ನಾಯುರಜ್ಜುಗಳಂತೂ ಸ್ನಾಯುಗಳಿಗಿಂತ ನಿಧಾನ. ತೋಳು ಸಿದ್ಧವೆಂದರೂ ಭುಜದ ರಜ್ಜು ಸಿದ್ಧವಿರುವುದಿಲ್ಲ.

ವಾದಕ್ಕೆ ನಿಂತವರು ನದಿಯಾಚೆಯ ಹಂಪಿಯನ್ನು ತೋರಿಸುವುದುಂಟು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಕೃಷ್ಣದೇವರಾಯ ಪ್ರತಿದಿನ ಬೆಳಕು ಹರಿಯುವ ಮುನ್ನ ಎಳ್ಳೆಣ್ಣೆ ಕುಡಿದು, ಮೈಗೆ ಬಳಿದುಕೊಂಡು, ಮಣ್ಣಿನ ಭಾರಗಳನ್ನು ಎತ್ತಿ, ಕತ್ತಿ ತಿರುಗಿಸಿ, ಕುಸ್ತಿ ಆಡಿ, ಕುದುರೆ ಓಡಿಸುತ್ತಿದ್ದನೆಂದು ಬರೆದಿದ್ದಾನೆ. ಅರಸು ತೆಳ್ಳಗಿಂತ ದಪ್ಪವೇ ಎಂದೂ ಅವನೇ ಬರೆದಿರುವುದನ್ನು ನಮ್ಮ ವ್ಯಾಯಾಮಪ್ರಿಯರು ಹೇಳುವುದಿಲ್ಲ! ಇರಲಿ. ಸಾಮ್ರಾಟನ ದಿನಚರಿ ಪಿಂಚಣಿದಾರನಿಗೆ ಮಾದರಿಯಾಗಲಾರದು.

ನನಗೆ ಹೆಚ್ಚು ಉಪಯುಕ್ತವಾಗಿ ಕಂಡದ್ದು ವಾಗ್ಭಟನ 'ಅಷ್ಟಾಂಗಹೃದಯ'. ಬಲಶಾಲಿಗಳೂ ಅರ್ಧ ಶಕ್ತಿಯಷ್ಟೇ ವ್ಯಾಯಾಮ ಮಾಡಬೇಕು, ಅದೂ ಚಳಿಗಾಲ ಮತ್ತು ವಸಂತದಲ್ಲಿ, ಉಳಿದ ಋತುಗಳಲ್ಲಿ ಇನ್ನೂ ಮಿತವಾಗಿ ಎಂಬುದು ಅವನ ವಿಧಿ. ಇನ್ನೆರಡು ಮೂರು ಸಲ ಎತ್ತಬಹುದು ಎನ್ನುವಾಗಲೇ ಭಾರ ಕೆಳಗಿಡಿ ಎಂಬ ಇಂದಿನ ತರಬೇತುಶಾಸ್ತ್ರದ ಮಾತು ಇದಕ್ಕೆ ಬಲು ಹತ್ತಿರ. ಕೊಪ್ಪಳದ ಏಪ್ರಿಲ್ ಬಿಸಿಲು ಕಂಡವರಿಗೆ ಋತುವಿನ ಮಾತನ್ನು ವಿವರಿಸಬೇಕಾಗಿಲ್ಲ. ಆದರೆ ವೃದ್ಧರು ವ್ಯಾಯಾಮವನ್ನು ಬಿಡಬೇಕು ಎಂದೂ ಅದೇ ಗ್ರಂಥ ಹೇಳುತ್ತದೆ. ಇದನ್ನು ಮಾತ್ರ ಒಪ್ಪಲಾರೆ. 1990ರ ಆ ತೊಂಬತ್ತರ ಮುದುಕರು ಅದಕ್ಕೆ ಉತ್ತರ ಕೊಟ್ಟಿದ್ದಾರೆ.

ಚಳಿಗಾಲದಲ್ಲಿ ಒಂದೆರಡು ತಿಂಗಳು ನಾನು ಸಾಣಾಪುರದ ಬಂಧುಗಳ ಮನೆಯಲ್ಲಿರುತ್ತೇನೆ. ಆಗ ದೇಶವಿದೇಶಗಳ ತರುಣರು ಇಲ್ಲಿನ ಬಂಡೆ ಹತ್ತಲು ಬರುತ್ತಾರೆ. ಹಗ್ಗವಿಲ್ಲದೆ, ಬೆರಳ ತುದಿಯ ಬಲದಿಂದ ಏರುವ ಆಟ. ಒಂದೆರಡು ದಿನ ಹತ್ತಿದ ಮೇಲೆ ಮರುದಿನ ನೆರಳಲ್ಲಿ ಪುಸ್ತಕ ಹಿಡಿದು ಮಲಗಿರುತ್ತಾರೆ, ಬೆರಳಿನ ರಜ್ಜುಗಳೂ ಸುಲಿದ ಚರ್ಮವೂ ಮಾಗಲೆಂದು. ಇದನ್ನು ಕಂಡು ಊರಿನ ಹಿರಿಯರೊಬ್ಬರು, "ಏನ್ರೀ ಸಾಹೇಬ್ರ, ಕಲ್ಲ ಹತ್ತಾಕಂತ ಸಮುದ್ರ ದಾಟಿ ಬಂದು ಮಕ್ಕೊಂಡಾವಲ್ಲ ಹುಡುಗ್ರು!" ಎಂದರು. "ಅವರಿಗೆ ಇವತ್ತ ಸೋಮವಾರ, ಕಾಕಾ" ಎಂದೆ. "ಹಂಗಾರ ಬರೋಬ್ಬರಿ ಐತಿ ಬಿಡ್ರಿ" ಎಂದು ಮುಂದೆ ನಡೆದರು. ಇಪ್ಪತ್ತೈದರವರೇ ಇಷ್ಟು ಎಚ್ಚರ ವಹಿಸುವಾಗ ಅರವತ್ತೈದರ ನಾವು ಆರು ದಿನ ಹಟ ಹಿಡಿಯುವುದೇಕೋ ತಿಳಿಯದು.

ಅದೇ ಹಾದಿಯಲ್ಲಿ ಇನ್ನೊಂದು ನೋಟವೂ ಕಾಣುತ್ತದೆ. ಕಾಲುವೆಗೆ ನೀರು ಬಿಟ್ಟೊಡನೆ ಎಲ್ಲ ಗದ್ದೆಗಳಿಗೂ ಒಮ್ಮೆಲೇ ಭತ್ತದ ನಾಟಿ. ಎಕರೆಗೆ ಇಷ್ಟೆಂದು ಗುತ್ತಿಗೆ ಹಿಡಿದ ಹೆಂಗಸರ ಗುಂಪು ಬಾಗಿದ ಬೆನ್ನೆತ್ತದೆ ಸಸಿ ಹಚ್ಚುತ್ತದೆ. ಅವರಲ್ಲಿ ನನ್ನ ಓರಗೆಯವರೂ ಇದ್ದಾರೆ. ದುಡಿಮೆಯೇ ವ್ಯಾಯಾಮವಲ್ಲವೆ ಎನ್ನುವವರಿಗೆ ಹೇಳುವುದಿಷ್ಟೆ: ಒಂದೇ ಭಂಗಿಯಲ್ಲಿ ಒಂದೇ ಕೀಲಿಗೆ ದಿನವಿಡೀ ಬೀಳುವ ಭಾರವನ್ನು ಯಾವ ತಜ್ಞನೂ ವ್ಯಾಯಾಮವೆನ್ನಲಾರ. ಸಂಜೆ ಅವರಿಗೆ ಒಲೆ ಕಾದಿರುತ್ತದೆ. ಬಿಡುವು ಎನ್ನುವುದು ಕೊಳ್ಳಬೇಕಾದ ಸರಕಾಗಿ, ಪಿಂಚಣಿ ಇರುವ ನಮ್ಮಂಥವರ ಕೈಗೆ ಮಾತ್ರ ಎಟುಕುತ್ತಿದೆ. ಕೈಗೆಟುಕಿದ್ದನ್ನೂ ಬಳಸದವರ ಬಗ್ಗೆ ನನಗೆ ಸಹನೆ ಕಡಿಮೆ.

ನನ್ನ ಕ್ರಮ ಸರಳ. ವಾರಕ್ಕೆ ಮೂರು ದಿನ ಭಾರ, ನಡುವೆ ಒಂದೊಂದು ದಿನ ಬಿಡುವು. ಬಿಡುವೆಂದರೆ ಹಾಸಿಗೆಯಲ್ಲ, ಕಾಲುವೆಯ ದಂಡೆಯ ಮೇಲೆ ನಡಿಗೆ, ಒಂಟಿಕಾಲಲ್ಲಿ ನಿಲ್ಲುವ ಅಭ್ಯಾಸ. ವಾರಕ್ಕೆ 150 ನಿಮಿಷವಾದರೂ ಮಧ್ಯಮ ವೇಗದ ನಡಿಗೆಯಂತಹ ಚಟುವಟಿಕೆ, ಎರಡು ದಿನವಾದರೂ ಸ್ನಾಯುಬಲದ ವ್ಯಾಯಾಮ, 65 ದಾಟಿದವರಿಗೆ ಮೂರು ದಿನ ಸಮತೋಲನದ ಅಭ್ಯಾಸ ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದಕ್ಕೆ ಇಷ್ಟು ಸಾಕು. ರಾತ್ರಿ ನಿದ್ರೆ ಕೆಟ್ಟರೆ ಮರುದಿನ ಭಾರವಿಲ್ಲ. ಹಿರಿಯರಿಗೆ ಮೈತೂಕದ ಕಿಲೋಗೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕೆನ್ನುತ್ತಾರೆ. ಬರಿಯ ರೊಟ್ಟಿ, ಅನ್ನದಿಂದ ಅದು ಪೂರೈಸದು. ಹೆಸರುಕಾಳು, ಶೇಂಗಾ, ಮೊಸರು, ಒಗ್ಗುವವರಿಗೆ ಮೊಟ್ಟೆ ಬೇಕು. ಮೂತ್ರಪಿಂಡದ ತೊಂದರೆ ಇದ್ದವರು ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು. ಮಾತ್ರೆಗಳ ವಿಷಯವನ್ನೂ ತರಬೇತುದಾರನಿಗೆ ತಿಳಿಸುವುದು ಒಳ್ಳೆಯದು: ರಕ್ತದೊತ್ತಡದ ಕೆಲವು ಮಾತ್ರೆಗಳು ನಾಡಿಬಡಿತವನ್ನು ತಗ್ಗಿಸುವುದರಿಂದ ಯಂತ್ರದ ಅಂಕಿ ನೋಡಿ ಇನ್ನಷ್ಟು ಓಡಿಸುವ ಅಪಾಯವಿದೆ, ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಕೆಲವರಲ್ಲಿ ಸ್ನಾಯುನೋವು ತರುತ್ತದೆ. ಎದೆ ಬಿಗಿದರೆ, ತಲೆ ಸುತ್ತಿದರೆ ಅದನ್ನು ವ್ಯಾಯಾಮದ ನೋವೆಂದು ಬಗೆಯದೆ ಆಸ್ಪತ್ರೆಗೆ ಹೋಗತಕ್ಕದ್ದು.

ಆ ಮಿತ್ರರಿಗೂ ಇದನ್ನೆಲ್ಲ ಹೇಳಿ ನೋಡಿದ್ದೇನೆ. ಮೂಳೆವೈದ್ಯರ ಒಪ್ಪಿಗೆ ದೊರೆತಿದೆ. ಮಂಗಳವಾರ ಮತ್ತು ಶುಕ್ರವಾರ ಮಾತ್ರ, ಕುರ್ಚಿಯಿಂದ ಎದ್ದು ಕೂರುವುದರಿಂದ ಆರಂಭಿಸಿ ಎಂದಿದ್ದಾರೆ. ಮಗ ಒಪ್ಪಿದ್ದಾನೆ. ಅವರಿನ್ನೂ ಒಪ್ಪಿಲ್ಲ.